ಹಡಗಿನ ಕೋಣೆಯಲ್ಲಿ ನಮ್ಮದೇ ಒಂದು ಬಾಟಲಿ

ಕ್ರೂಸ್ ಹಡಗಿಗೆ ಹೋಗುವಾಗ ಮನೆಯಿಂದಲೇ ಒಂದು ವೈನ್ ಬಾಟಲಿ ತೆಗೆದುಕೊಂಡು ಹೋಗಿ, ನಮ್ಮ ಕೋಣೆಯಲ್ಲಿ ಕೂತು ನಿಧಾನವಾಗಿ ಕುಡಿಯುವುದು ಜಿಪುಣತನವೇ? ಅಮೆರಿಕಾದಲ್ಲಿರುವ ನಮ್ಮ ಕನ್ನಡದ ಗೆಳೆಯರ ಗುಂಪಿನಲ್ಲಿ ಈ ಮಾತು ಬಂದಾಗಲೆಲ್ಲ ಎರಡು ಪಕ್ಷ ಆಗುತ್ತದೆ. ಒಂದು ಪಕ್ಷದವರು "ಲೋ, ಅಷ್ಟೊಂದು ದುಡ್ಡು ಸುರಿದು ಹಡಗು ಹತ್ತಿದ ಮೇಲೂ ಬುತ್ತಿ ಕಟ್ಕೊಂಡು ಹೋಗ್ತೀಯಲ್ಲೋ!" ಅಂತ ನಗುತ್ತಾರೆ. ಇನ್ನೊಂದು ಪಕ್ಷದವರು "ಒಂದೇ ಬಾಟಲಿ ಯಾಕೆ ಗುರು, ಮೌತ್‌ವಾಶ್ ಬಾಟಲಿಯಲ್ಲಿ ವೋಡ್ಕಾ ತುಂಬ್ಕೊಂಡು ಹೋಗು, ಯಾರಿಗೂ ಗೊತ್ತಾಗಲ್ಲ" ಅಂತ ಉಪಾಯ ಹೇಳಿಕೊಡುತ್ತಾರೆ. ನನ್ನದು ಮೂರನೇ ಪಕ್ಷ. ತೆಗೆದುಕೊಂಡು ಹೋಗಬೇಕು, ಆದರೆ ನಿಯಮ ಎಷ್ಟು ಬಿಡುತ್ತದೋ ಅಷ್ಟೇ, ಅದೂ ಎಲ್ಲರ ಕಣ್ಣೆದುರಿಗೇ.

ಗುಂಡಿನ ವಿಷಯ ಅಂತ ಮೂಗು ಮುರಿಯಬೇಡಿ. ಕುಡಿಯದವರೂ ಇದನ್ನು ಓದಬಹುದು. ನಿಮ್ಮ ಟಿಕೆಟ್ಟಿನ ಕಥೆಯೂ ಇದರೊಳಗಿದೆ :-)

ಮೊದಲು ನಿಯಮ ನೋಡೋಣ. ಅಮೆರಿಕಾದಿಂದ ಹೊರಡುವ ಕಾರ್ನಿವಲ್ ಮತ್ತು ರಾಯಲ್ ಕೆರಿಬಿಯನ್ ಹಡಗುಗಳಲ್ಲಿ 21 ವರ್ಷ ದಾಟಿದ ಪ್ರತಿಯೊಬ್ಬರೂ 750 ಮಿ.ಲೀ.ನ ಒಂದು ವೈನ್ ಅಥವಾ ಶಾಂಪೇನ್ ಬಾಟಲಿ ತರಬಹುದು. ಸೀಲ್ ಒಡೆದಿರಬಾರದು, ಹಡಗು ಹತ್ತುವ ಮೊದಲ ದಿನವೇ ತರಬೇಕು, ಕೈಚೀಲದಲ್ಲೇ ಇರಬೇಕು. ವಿಸ್ಕಿ, ರಮ್, ಬಿಯರ್ ಇಲ್ಲ. ನಿಮ್ಮ ಕೋಣೆಯಲ್ಲಿ ಕುಡಿದರೆ ಶುಲ್ಕ ಇಲ್ಲ. ಊಟದ ಹಾಲ್‌ಗೆ ತೆಗೆದುಕೊಂಡು ಹೋದರೆ ಬಾಟಲಿಗೆ ಸುಮಾರು 15 ಡಾಲರ್ 'ಕಾರ್ಕೇಜ್', ಅಂದರೆ ಬಿರಡೆ ತೆಗೆದುಕೊಟ್ಟಿದ್ದಕ್ಕೆ ಕೂಲಿ. ಡಿಸ್ನಿಯವರು ಇನ್ನೂ ಉದಾರಿಗಳು. ದೊಡ್ಡವರಿಗೆ ತಲಾ ಎರಡು ಬಾಟಲಿ ವೈನ್ ಅಥವಾ ಆರು ಬಿಯರ್, ಅದೂ ಪ್ರತಿ ಬಂದರಿನಲ್ಲಿ. ನಾರ್ವೀಜಿಯನ್‌ನವರದ್ದು ಬೇರೆಯೇ ರಾಗ. ಎಷ್ಟು ಬಾಟಲಿ ಬೇಕಾದರೂ ತನ್ನಿ, ಆದರೆ ಪ್ರತಿ ಬಾಟಲಿಗೂ 15 ಡಾಲರ್ ಕೊಡಿ, ಕೋಣೆಯಲ್ಲಿ ಕುಡಿದರೂ ಸರಿಯೇ. ವೈಕಿಂಗ್‌ನವರು ಮಾತ್ರ ಈ ಲೆಕ್ಕಾಚಾರಕ್ಕೇ ಹೋಗುವುದಿಲ್ಲ, ನಿಮ್ಮದು ನೀವು ತನ್ನಿ, ಕುಡಿಯಿರಿ ಅಂತ ಬಿಟ್ಟಿದ್ದಾರೆ.

ವೈನಿಗೆ ಹೂಂ, ವಿಸ್ಕಿಗೆ ಉಹೂಂ ಯಾಕೆ? ಲೆಕ್ಕ ಹಾಕಿ ನೋಡಿ. 750 ಮಿ.ಲೀ. ವೈನಿನಲ್ಲಿ 150 ಮಿ.ಲೀ.ನ ಐದು ಗ್ಲಾಸ್ ಬರುತ್ತದೆ. ಅದೇ ಅಳತೆಯ ವಿಸ್ಕಿಯಲ್ಲಿ 30 ಮಿ.ಲೀ.ನ 25 ಪೆಗ್! ಒಂದು ಬಾಟಲಿ ವೈನ್ ಇಟ್ಟುಕೊಂಡವನು ಅತಿಥಿ, ಒಂದು ಬಾಟಲಿ ವಿಸ್ಕಿ ಇಟ್ಟುಕೊಂಡವನು ಕೋಣೆಯಲ್ಲೇ ಬಾರ್ ತೆರೆದ ಹಾಗೆ. ಕಂಪನಿಯವರ ಗೆರೆ ಅಷ್ಟೇನೂ ತಪ್ಪಿಲ್ಲ.

ಇನ್ನು ದುಡ್ಡಿನ ವಿಷಯ. ಸಾಫ್ಟ್‌ವೇರ್ ಜನಕ್ಕೆ ಇದು ಬೇಗ ಅರ್ಥ ಆಗುತ್ತದೆ. ಕ್ರೂಸ್ ಟಿಕೆಟ್ ಅಂದರೆ ನಮ್ಮ 'ಫ್ರೀಮಿಯಂ' ಆಪ್ ಇದ್ದ ಹಾಗೆ. ಒಳಗೆ ಬರೋದಕ್ಕೆ ಅಗ್ಗ, ಒಳಗೆ ಬಂದ ಮೇಲೆ ಪ್ರತಿ ಬಟನ್‌ಗೂ ದುಡ್ಡು. ಕಾರ್ನಿವಲ್ ಕಾರ್ಪೊರೇಶನ್‌ನ 2023ರ ಲೆಕ್ಕ ತೆಗೆದರೆ ಒಟ್ಟು ಆದಾಯ ಸುಮಾರು 21.6 ಬಿಲಿಯನ್ ಡಾಲರ್, ಅದರಲ್ಲಿ ಸುಮಾರು 7.5 ಬಿಲಿಯನ್ ಬಂದಿದ್ದು ಟಿಕೆಟ್ಟಿನಿಂದ ಅಲ್ಲ. ಹಡಗಿನೊಳಗಿನ ಬಾರು, ಕ್ಯಾಸಿನೊ, ಸ್ಪಾ, ಇಂಟರ್‌ನೆಟ್, ಬಂದರಿನ ಟೂರು ಇಂಥವುಗಳಿಂದ. ಹತ್ತಿರ ಹತ್ತಿರ ಮೂರನೇ ಒಂದು ಭಾಗ! ಅಂದರೆ ಊರಿಂದ ಬಂದ ಅಪ್ಪ ಅಮ್ಮನನ್ನು ನೀವು ಕ್ರೂಸಿಗೆ ಕರೆದುಕೊಂಡು ಹೋದಿರಿ ಅಂದುಕೊಳ್ಳಿ. ಅವರು ಮೂರು ಹೊತ್ತೂ ಮೊಸರನ್ನ, ಹಣ್ಣು ತಿಂದು, ಬಾರ್ ಕಡೆ ತಲೆ ಹಾಕಿಯೂ ಮಲಗದೆ, ಸಮುದ್ರ ನೋಡಿಕೊಂಡು ವಾಪಸ್ ಬರುತ್ತಾರೆ. ಅವರ ಟಿಕೆಟ್ ಅಷ್ಟು ಅಗ್ಗಕ್ಕೆ ಸಿಕ್ಕಿದ್ದು ಪಕ್ಕದ ಕೋಣೆಯವನು ದಿನಕ್ಕೆ ಎಂಟು ಕಾಕ್‌ಟೇಲ್ ಏರಿಸಿದ ಪುಣ್ಯದಿಂದ. ಈ ಸತ್ಯವನ್ನು ನಮ್ಮಪ್ಪನಿಗೆ ಹೇಳುವ ಧೈರ್ಯ ನನಗಂತೂ ಇಲ್ಲ :-)

ಹಾಗಾಗಿ "ಬಾರಿನಲ್ಲಿ ಯಾಕೆ ಅಷ್ಟು ಬೆಲೆ, ಲೂಟಿ ಹೊಡೀತಾರೆ" ಅಂತ ಸುಮ್ಮನೆ ಬೈಯುವುದರಲ್ಲಿ ಅರ್ಥವಿಲ್ಲ. ಹಡಗು ತೇಲುತ್ತಿರುವುದೇ ಅರ್ಧ ನೀರಿನ ಮೇಲೆ, ಅರ್ಧ ಗುಂಡಿನ ಮೇಲೆ. ಹೊರಗಿನ ಬಾಟಲಿಗೆ ಮಿತಿ ಹಾಕುವ ಹಕ್ಕು ಅವರಿಗಿದೆ ಅಂತ ನಾನು ಒಪ್ಪುತ್ತೇನೆ.

ಆದರೆ ಮಿತಿಗೂ ಒಂದು ಮಿತಿ ಬೇಡವೇ? ಮಲ್ಟಿಪ್ಲೆಕ್ಸ್‌ನಲ್ಲಿ ಪಾಪ್‌ಕಾರ್ನ್ ಜಗಳ ಎಲ್ಲರಿಗೂ ಗೊತ್ತು. 2023ರ ಜನವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟ್, ಹೊರಗಿನ ತಿಂಡಿಯನ್ನು ತಡೆಯುವ ಅಧಿಕಾರ ಚಿತ್ರಮಂದಿರದವರಿಗೆ ಇದೆ, ಆದರೆ ಕುಡಿಯುವ ನೀರು ಪುಕ್ಕಟೆ ಕೊಡಬೇಕು, ಎಳೆ ಮಗುವಿಗೆ ತಂದ ಆಹಾರವನ್ನು ತಡೆಯಬಾರದು ಅಂತ ಹೇಳಿತು. ಸರಿ, ಸಿನಿಮಾ ಮೂರು ಗಂಟೆ. ಬೇಡ ಅಂದರೆ ಎದ್ದು ಹೊರಗೆ ಬಂದು ದರ್ಶಿನಿಯಲ್ಲಿ ಕಾಫಿ ಕುಡಿಯಬಹುದು. ಹಡಗಿನಿಂದ ಎದ್ದು ಎಲ್ಲಿಗೆ ಹೋಗುತ್ತೀರಿ ಸ್ವಾಮಿ? ಏಳು ದಿನ ಅದೇ ಊರು, ಅದೇ ಅಂಗಡಿ. ಅಲ್ಲದೆ ಸಿನಿಮಾ ಹಾಲ್‌ನ ಸೀಟು ಬೇರೆ, ಬಾಗಿಲು ಹಾಕಿಕೊಂಡು ಮಲಗುವ ಕೋಣೆ ಬೇರೆ. ಬಾಡಿಗೆ ಕೊಟ್ಟಿರುವಷ್ಟು ದಿನ ಆ ಕೋಣೆ ನಮ್ಮ ಮನೆ. ಮನೆಯೊಳಗೆ ನಾವೇ ತಂದದ್ದನ್ನು ನಾವೇ ಸುರಿದುಕೊಂಡು ಕುಡಿಯಲು ಒಂದು ಬಾಟಲಿಯಷ್ಟಾದರೂ ಜಾಗ ಇರಬೇಕು.

ಇಲ್ಲೇ ನಾರ್ವೀಜಿಯನ್‌ನವರ ಮೇಲೆ ನನ್ನ ತಕರಾರು. ಊಟದ ಹಾಲ್‌ನಲ್ಲಿ ಕಾರ್ಕೇಜ್ ಕೊಡುವುದು ನ್ಯಾಯ. ಅಲ್ಲಿ ಒಬ್ಬ ಬಂದು ಬಾಟಲಿ ತೆಗೆಯುತ್ತಾನೆ, ಒಳ್ಳೆ ಗ್ಲಾಸ್ ಇಡುತ್ತಾನೆ, ಸುರಿಯುತ್ತಾನೆ, ಆಮೇಲೆ ತೊಳೆಯುತ್ತಾರೆ. ಕೋಣೆಯಲ್ಲಿ ಇವೆಲ್ಲ ಮಾಡುವವನು ನಾನು. ತೆಗೆಯದ ಬಿರಡೆಗೆ ಕೂಲಿ ಯಾಕೆ? ಬಾಟಲಿಗಳ ಸಂಖ್ಯೆಗೆ ಮಿತಿ ಇಲ್ಲವಲ್ಲ, ಅದಕ್ಕೆ ಬದಲಾಗಿ ಅಂತ ಅವರ ಪರವಾಗಿ ಹೇಳಬಹುದು. ಎರಡನೇ ಬಾಟಲಿಯಿಂದ ಹಾಗೆ ವಸೂಲಿ ಮಾಡಲಿ, ಬೇಡ ಅನ್ನುವುದಿಲ್ಲ. ಮೊದಲನೆಯದನ್ನು ಬಿಡಬೇಕು. ಬಿಡಲು ಮನಸ್ಸಿಲ್ಲದಿದ್ದರೆ ಅದಕ್ಕೆ ಸುಂಕ ಅಂತ ನೇರವಾಗಿ ಹೆಸರಿಡಲಿ.

ಹಾಗಾದರೆ ಡ್ರಿಂಕ್ ಪ್ಯಾಕೇಜ್ ತಗೊಳ್ಳಬಹುದಲ್ಲ ಅಂತ ಕೇಳುತ್ತೀರಿ. ದಿನಕ್ಕೆ ಇಷ್ಟು ಅಂತ ಕೊಟ್ಟರೆ ಬೇಕಾದ್ದು ಕುಡಿಯಬಹುದು. ಕಾರ್ನಿವಲ್‌ನಲ್ಲಿ ದಿನಕ್ಕೆ 15 ಡ್ರಿಂಕ್‌ವರೆಗೆ! ಆದರೆ ಅದರೊಳಗೆ ಒಂದು ಕೊಕ್ಕೆ ಇದೆ. ಕಾರ್ನಿವಲ್, ರಾಯಲ್ ಕೆರಿಬಿಯನ್ ಎರಡರಲ್ಲೂ ಒಂದು ಕೋಣೆಯಲ್ಲಿ ಒಬ್ಬರು ಆ ಪ್ಯಾಕೇಜ್ ತೆಗೆದುಕೊಂಡರೆ ಅದೇ ಕೋಣೆಯಲ್ಲಿರುವ 21 ದಾಟಿದ ಎಲ್ಲರೂ ತೆಗೆದುಕೊಳ್ಳಬೇಕು. ನನ್ನ ಹೆಂಡತಿ ವೈನ್ ಒಂದು ಗುಟುಕು ಕುಡಿದು, "ಇದಕ್ಕಿಂತ ಹುಣಸೆಹಣ್ಣಿನ ಸಾರು ವಾಸಿ" ಅನ್ನುವ ಜಾತಿ. ದಿನಕ್ಕೆ ತಲಾ 70 ಡಾಲರ್ ಅಂತ ಇಟ್ಟುಕೊಂಡರೂ ಇಬ್ಬರಿಗೆ ಏಳು ದಿನಕ್ಕೆ 980 ಡಾಲರ್. ಅದನ್ನು ವಸೂಲಿ ಮಾಡಬೇಕು ಅಂತ ಬೆಳಗ್ಗೆ ಹನ್ನೊಂದಕ್ಕೇ ಶುರು ಮಾಡಿ, ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ತಾವೇ ಮುಳುಗಿರುವವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಬಿಡಿಯಾಗಿ ಕುಡಿದರೆ ಸಾಮಾನ್ಯ ವೈನ್ ಒಂದು ಗ್ಲಾಸಿಗೆ 13 ಡಾಲರ್ ಆಸುಪಾಸು, ಮೇಲೆ ಶೇಕಡಾ 18ರಿಂದ 20 ಟಿಪ್ಸ್. ಐದು ಗ್ಲಾಸಿಗೆ 75 ಡಾಲರ್ ದಾಟುತ್ತದೆ. ಅಷ್ಟೇ ವೈನ್ ಇರುವ ಬಾಟಲಿ ಸೂಪರ್‌ಮಾರ್ಕೆಟ್‌ನಲ್ಲಿ 12 ಡಾಲರಿಗೆ ಸಿಗುತ್ತದೆ. ದಿನಕ್ಕೊಂದು ಗ್ಲಾಸ್ ಸಾಕು ಅನ್ನುವವನಿಗೆ ಈ ಒಂದು ಬಾಟಲಿ ಹೇಳಿ ಮಾಡಿಸಿದ್ದು.

ದುಡ್ಡು ಅತ್ಲಾಗಿರಲಿ. ನನಗೆ ಇನ್ನೊಂದು ಕಾರಣ ಮುಖ್ಯ, ಆಯ್ಕೆ. ನಮ್ಮ ಮದುವೆಯ ವಾರ್ಷಿಕೋತ್ಸವಕ್ಕೆ ಹೋದಾಗ ನಾನು ಇಟ್ಟುಕೊಂಡಿದ್ದು ನಂದಿ ಬೆಟ್ಟದ ಬುಡದ ಗ್ರೋವರ್ ತೋಟದ ಲಾ ರಿಸರ್ವ್. ಗೆಳೆಯನೊಬ್ಬ ಬೆಂಗಳೂರಿನಿಂದ ಬರುವಾಗ ಸೂಟ್‌ಕೇಸಿನಲ್ಲಿ ಪಂಚೆ ಸುತ್ತಿ ತಂದುಕೊಟ್ಟಿದ್ದು. ಹಡಗಿನ ಪಟ್ಟಿಯಲ್ಲಿ ಕ್ಯಾಲಿಫೋರ್ನಿಯಾ, ಇಟಲಿ, ಚಿಲಿ ಎಲ್ಲ ಇತ್ತು, ದೊಡ್ಡಬಳ್ಳಾಪುರ ಇರಲಿಲ್ಲ. ಕೆರಿಬಿಯನ್ ಸಮುದ್ರದ ಮಧ್ಯೆ ಬಾಲ್ಕನಿಯಲ್ಲಿ ಕೂತು, ಕಾಲೇಜು ದಿನಗಳಲ್ಲಿ ಬೈಕಿನಲ್ಲಿ ಸುತ್ತಿದ ದಾರಿಯ ದ್ರಾಕ್ಷಿಯನ್ನು ಗುಟುಕರಿಸುವುದಕ್ಕೆ ಬೆಲೆ ಎಷ್ಟು ಅಂತ ಯಾವ ಬಾರ್ ಮೆನುವಿನಲ್ಲೂ ಬರೆದಿಲ್ಲ. ಕೆಲವರಿಗೆ ಅಜ್ಜಿ ಊರಿನ ಉಪ್ಪಿನಕಾಯಿ ಹೇಗೋ ಹಾಗೆ.

ಮತ್ತೆ ನಮ್ಮವರಿಗೇ ಮೀಸಲಾದ ಒಂದು ಕಾರಣ ಇದೆ. ಅಪ್ಪ ಅಮ್ಮ, ಅತ್ತೆ ಮಾವ ಜೊತೆಗಿದ್ದಾಗ ಊಟದ ಮೇಜಿನ ಮೇಲೆ ಗ್ಲಾಸ್ ಇಟ್ಟುಕೊಳ್ಳುವ ಗಟ್ಟಿಗತನ ನಮ್ಮಲ್ಲಿ ಎಷ್ಟು ಜನಕ್ಕಿದೆ? ಅದು ಹೆದರಿಕೆ ಅಲ್ಲ, ಒಂದು ಮರ್ಯಾದೆ. ಅವರಿಗೂ ಗೊತ್ತಿರುತ್ತದೆ, ನಮಗೂ ಗೊತ್ತಿರುತ್ತದೆ ಅವರಿಗೆ ಗೊತ್ತಿದೆ ಅಂತ. ಆದರೂ ಎದುರಿಗೆ ಬೇಡ. ಅಂಥವರಿಗೆ ಕೋಣೆಯ ಬಾಗಿಲು ಮುಚ್ಚಿಕೊಂಡ ಮೇಲಿನ ಅರ್ಧ ಗಂಟೆ ದೊಡ್ಡ ಸೌಕರ್ಯ.

ಇನ್ನು ಮೌತ್‌ವಾಶ್ ಪಕ್ಷದವರ ವಿಚಾರ. ಇವರು ಹಸಿರು ಬಣ್ಣ ಬೆರೆಸಿದ ವೋಡ್ಕಾ, ಶಾಂಪೂ ಬಾಟಲಿಯ ರಮ್, ಮತ್ತೆ ಸೀಲ್ ಮಾಡಿದ ನೀರಿನ ಬಾಟಲಿ ಅಂತೆಲ್ಲ ಬುದ್ಧಿ ಓಡಿಸುತ್ತಾರೆ. ಬ್ಯಾಗ್ ಸ್ಕ್ಯಾನ್‌ನಲ್ಲಿ ಸಿಕ್ಕಿಬಿದ್ದರೆ ಬಾಟಲಿ ಹೋಗುತ್ತದೆ, ಸೂಟ್‌ಕೇಸ್ ಬಿಡಿಸಿಕೊಳ್ಳಲು ಸೆಕ್ಯುರಿಟಿಯವರ ಮುಂದೆ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಆದರೆ ನನ್ನ ಸಿಟ್ಟು ಅವರ ಮಾನದ ಬಗ್ಗೆ ಅಲ್ಲ. 2015ರ ಜುಲೈವರೆಗೆ ಕಾರ್ನಿವಲ್ ಹಡಗಿಗೆ ನೀರಿನ ಬಾಟಲಿ, ಸೋಡಾ ಬಾಟಲಿ ತೆಗೆದುಕೊಂಡು ಹೋಗಬಹುದಿತ್ತು. ಅದರಲ್ಲಿ ಕಳ್ಳ ಸಾರಾಯಿ ತುಂಬುವವರು ಜಾಸ್ತಿಯಾಗಿ ಆ ತಿಂಗಳಿಂದ ಬಾಟಲಿಗಳನ್ನೇ ನಿಷೇಧಿಸಿದರು. ಕ್ಯಾನು, ಪೊಟ್ಟಣದಲ್ಲಿ ಇದ್ದರೆ ಮಾತ್ರ ಸರಿ ಅಂದರು. ಯಾರೋ ನಾಲ್ಕು ಜನ ಬುದ್ಧಿವಂತರ ದೆಸೆಯಿಂದ ಮಕ್ಕಳು ಮರಿ ಕಟ್ಟಿಕೊಂಡು ಬರುವ ಲಕ್ಷಾಂತರ ಜನ ನೀರಿನ ಬಾಟಲಿಯ ಸವಲತ್ತು ಕಳಕೊಂಡರು. ನಾಳೆ ವೈನ್ ಬಾಟಲಿಯ ಸರದಿಯೂ ಹೀಗೇ ಬರಬಹುದು. ನಂಬಿಕೆಯ ಮೇಲೆ ನಿಂತಿರುವ ಸಣ್ಣ ಸವಲತ್ತು ಇದು. ನಂಬಿಕೆ ಹೋದ ದಿನ ಕಂಪನಿಗೆ ಅದನ್ನು ಕಿತ್ತುಕೊಳ್ಳಲು ಐದು ನಿಮಿಷ ಬೇಡ.

ಇನ್ನೊಂದು ಮಾತು. ಬಾರಿನವನು ನೀವು ತೂರಾಡುವುದನ್ನು ನೋಡಿದರೆ "ಸಾಕು ಸಾರ್" ಅಂತ ನಿಲ್ಲಿಸಬಲ್ಲ. ಕಳ್ಳ ಬಾಟಲಿಗೆ ಹಾಗೆ ಹೇಳುವವರು ಯಾರೂ ಇಲ್ಲ. ಬಾಲ್ಕನಿಯ ಆಚೆಗೆ ಸಮುದ್ರ ಇದೆ ಅನ್ನುವುದನ್ನು ಮರೆಯಬಾರದು.

ಬಾರಿನವನು ಅಂದೆನಲ್ಲ, ನಾವು ಹೋದ ಹಡಗಿನಲ್ಲಿ ಮಂಗಳೂರಿನ ಹುಡುಗನೊಬ್ಬ ಸಿಕ್ಕಿದ್ದ. ಕನ್ನಡ ಕೇಳಿದ ಕೂಡಲೇ ಮುಖ ಅರಳಿತು. "ನಮ್ಗೆ ಸಂಬಳಕ್ಕಿಂತ ಟಿಪ್ಸೇ ಜಾಸ್ತಿ ಅಣ್ಣ" ಅಂದ. ನಾವು ನಮ್ಮ ಬಾಟಲಿ ತಂದರೆ ಅವನ ಹೊಟ್ಟೆಯ ಮೇಲೆ ಹೊಡೆದ ಹಾಗಲ್ಲವೇ? ಬುತ್ತಿ ಅಂತ ನಗುವ ಗೆಳೆಯರ ಮಾತಿನಲ್ಲಿ ನನಗೆ ನಿಜವಾಗಿ ತೂಕದ್ದು ಅನ್ನಿಸುವುದು ಇದೊಂದೇ. ನನ್ನ ಉತ್ತರ ಇಷ್ಟು: ಬಾಟಲಿ ತಂದವನು ಟಿಪ್ಸ್ ಮಾತ್ರ ಉಳಿಸಬಾರದು. ದಿನಕ್ಕೆ ತಲಾ 16ರಿಂದ 20 ಡಾಲರ್ ಬಿಲ್ಲಿಗೆ ಸೇರಿಸುತ್ತಾರೆ. ಕೌಂಟರಿಗೆ ಹೋಗಿ ಅದನ್ನು ತೆಗೆಸುವವರಿದ್ದಾರೆ. ಅದು ಮಾತ್ರ ಶುದ್ಧ ಜಿಪುಣತನ. ಬಾಟಲಿಯಲ್ಲಿ ಉಳಿದ ಅರುವತ್ತು ಡಾಲರಿನಲ್ಲಿ ಹತ್ತನ್ನು ಕೋಣೆ ಗುಡಿಸುವವನ ಕೈಗೆ, ಹತ್ತನ್ನು ಆ ಮಂಗಳೂರಿನವನ ಕೈಗೆ ಇಟ್ಟು ಬಂದರೆ ನಮ್ಮ ಗಂಟೇನೂ ಕರಗುವುದಿಲ್ಲ.

ಹೋಗುವವರಿಗೆ ನಾಲ್ಕು ಮಾತು ಹೇಳಿ ಮುಗಿಸುತ್ತೇನೆ. ವಿಮಾನದಲ್ಲಿ ಬಂದರಿಗೆ ಹೋಗುವವರು ಬಾಟಲಿಯನ್ನು ಚೆಕ್‌ಇನ್ ಸೂಟ್‌ಕೇಸಿನಲ್ಲಿ ಹಾಕಬೇಕು, ಕೈಚೀಲದಲ್ಲಿ 100 ಮಿ.ಲೀ. ಮೇಲೆ ಬಿಡುವುದಿಲ್ಲ. ಬಂದರಿನಲ್ಲಿ ಅದರ ಉಲ್ಟಾ. ಪೋರ್ಟರ್‌ಗೆ ಸೂಟ್‌ಕೇಸ್ ಕೊಡುವ ಮೊದಲು ಬಾಟಲಿ ಹೊರಗೆ ತೆಗೆದು ಕೈಚೀಲಕ್ಕೆ ಹಾಕಿ. ತಿರುಪಿನ ಮುಚ್ಚಳದ ಬಾಟಲಿಯಾದರೆ ಬಿರಡೆ ತೆಗೆಯುವ ತಾಪತ್ರಯವೇ ಇಲ್ಲ. ಕೋಣೆ ನೋಡಿಕೊಳ್ಳುವವನನ್ನು ಕೇಳಿದರೆ ಗ್ಲಾಸು, ಐಸು ತಂದುಕೊಡುತ್ತಾನೆ. ತೆರೆದ ಕೆಂಪು ವೈನ್ ಮುಚ್ಚಿ ತಣ್ಣಗಿಟ್ಟರೆ ಮೂರು ನಾಲ್ಕು ದಿನ ಚೆನ್ನಾಗಿರುತ್ತದೆ. ವಾಂತಿಯ ಮಾತ್ರೆ ನುಂಗಿದ ದಿನ ವೈನ್ ಬೇಡ, ಎರಡೂ ಸೇರಿದರೆ ನಿದ್ದೆ ಅಮರಿಕೊಳ್ಳುತ್ತದೆ. ಹೊರಡುವ ಮೊದಲು ಆಯಾ ಕಂಪನಿಯ ನಿಯಮವನ್ನು ಒಮ್ಮೆ ಓದಿ, ಆಗಾಗ ಬದಲಾಯಿಸುತ್ತಿರುತ್ತಾರೆ.

ಒಟ್ಟಿನಲ್ಲಿ, ಒಂದು ಬಾಟಲಿ ಅನ್ನುವುದು ಕಂಪನಿಗೂ ನಮಗೂ ನಡುವೆ ಇರುವ ಒಂದು ಸಣ್ಣ ರಾಜಿ. ಅವರು ಅದರ ಮೇಲೆ ಸುಂಕ ಹಾಕಬಾರದು, ನಾವು ಅದರ ಹಿಂದೆ ಇನ್ನೊಂದನ್ನು ಬಚ್ಚಿಡಬಾರದು. ಬುತ್ತಿ ಅಂತ ನಗುವವರು ನಗಲಿ ಬಿಡಿ. ಬುತ್ತಿಯ ರುಚಿ ಕಟ್ಟಿಕೊಂಡು ಹೋದವರಿಗಷ್ಟೇ ಗೊತ್ತು.

ನೀವೇನಂತೀರಿ?