ಬೆಟ್ಟದ ಬುಡದಲ್ಲಿ ಬ್ಯಾಗು ಕಾಯುವ ಅಮ್ಮಿ

ಪ್ರವಾಸದ ಹಿಂದಿನ ರಾತ್ರಿ ನಿಮ್ಮ ಮನೆಯಲ್ಲಿ ಕೊನೆಗೆ ಮಲಗುವವರು ಯಾರು? ಬೆಳಿಗ್ಗೆ ಎಲ್ಲರಿಗಿಂತ ಮೊದಲು ಏಳುವವರು ಯಾರು? ಬುತ್ತಿ ಕಟ್ಟಿ, ನೀರು ತುಂಬಿಸಿ, ಮಕ್ಕಳ ಸ್ವೆಟರು ಹುಡುಕಿ ಎಲ್ಲರನ್ನೂ ಹೊರಡಿಸಿದ ಮೇಲೆ, "ಅಮ್ಮಿಗೆ ಮಂಡಿ ನೋವು, ಅವರು ಇಲ್ಲೇ ಕೂತಿರಲಿ, ಬ್ಯಾಗು ನೋಡಿಕೊಳ್ಳಲಿ" ಎಂದು ಬೆಟ್ಟದ ಬುಡದಲ್ಲಿ ಬಿಟ್ಟು ಹೋಗುವುದು ಯಾರನ್ನು? ಮೂರು ಪ್ರಶ್ನೆಗಳಿಗೂ ಉತ್ತರ ಒಂದೇ ಆಗಿದ್ದರೆ ದಯವಿಟ್ಟು ಮುಂದೆ ಓದಿ.

ನಾನೂ ಹನ್ನೊಂದು ವರ್ಷ ಹಾಗೆ ಬ್ಯಾಗು ಕಾದವಳೇ. ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ ಮಗಳು ಹಟ ಹಿಡಿದಳು. ಚಿಕ್ಕಬಳ್ಳಾಪುರದಿಂದ ದ್ರಾಕ್ಷಿ ತೋಟಗಳ ನಡುವಿನ ಮಣ್ಣುದಾರಿಯಲ್ಲಿ ಸೈಕಲ್ ತುಳಿದು ನಂದಿ ಬೆಟ್ಟದ ಬುಡದ ಸುಲ್ತಾನಪೇಟೆಗೆ ಹೋಗುವುದು, ಸೈಕಲ್‌ಗಳನ್ನು ಅಲ್ಲಿ ಬಿಟ್ಟು ಹಳೆಯ ಕಲ್ಲಿನ ಮೆಟ್ಟಿಲ ದಾರಿಯಲ್ಲಿ ತುದಿಗೆ ಹತ್ತುವುದು, ಸಂಜೆಯೊಳಗೆ ಅದೇ ದಾರಿಯಲ್ಲಿ ಮನೆಗೆ ಬರುವುದು. ನಂದಿ ಬೆಟ್ಟದ ಎತ್ತರ ಸಮುದ್ರ ಮಟ್ಟದಿಂದ 1,478 ಮೀಟರ್. ಮೆಟ್ಟಿಲುಗಳಂತೂ ಬಹಳ. ನಾನು ಹತ್ತಿದೆ. ಟಿಪ್ಪುವಿನ ಬೇಸಿಗೆ ಅರಮನೆಯ ಪಕ್ಕ ನಿಂತು ಕೆಳಗಿನ ಊರುಗಳನ್ನು ನೋಡಿ ಸಂತೋಷಪಟ್ಟೆ. ಮೂರನೆಯ ದಿನ ಚಳಿಜ್ವರ ಮತ್ತು ಉರಿಮೂತ್ರದಿಂದ ಮಲಗಿದೆ.

ಪರೀಕ್ಷಿಸಿದ ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: "ಆ ದಿನ ಎಷ್ಟು ನೀರು ಕುಡಿದಿರಿ?" ಲೆಕ್ಕ ಹಾಕಿದೆ. ಬೆಳಿಗ್ಗೆ ಅರ್ಧ ಲೋಟ ಚಹಾ, ತುದಿಯಲ್ಲಿ ಎರಡು ಗುಟುಕು ನೀರು, ಅಷ್ಟೇ. ದಾರಿಯಲ್ಲಿ ಶೌಚಾಲಯ ಸಿಗದಿದ್ದರೆ ಏನು ಗತಿ ಎಂಬ ಭಯಕ್ಕೆ ಬಾಟಲಿ ತುಂಬಿದ್ದರೂ ಕುಡಿದಿರಲಿಲ್ಲ. ನನ್ನ ಯಜಮಾನರಿಗಾಗಲಿ ಗಂಡುಮಕ್ಕಳಿಗಾಗಲಿ ಇದು ಗೊತ್ತೇ ಇರಲಿಲ್ಲ. ನಾನು ಹೇಳಿರಲಿಲ್ಲ, ಅವರು ಕೇಳಿರಲಿಲ್ಲ.

ಹೀಗಾಗಿ ನನ್ನ ಅಭಿಪ್ರಾಯ ಇಷ್ಟು. ಬೆಟ್ಟದ ದಿನ ಮನೆಯ ಹೆಂಗಸರೂ ಸೈಕಲ್ ತುಳಿಯಬೇಕು, ಮೆಟ್ಟಿಲು ಹತ್ತಬೇಕು. ಆದರೆ ಆ ದಿನದ ಯೋಜನೆ ಶಿಖರದಿಂದ ಆರಂಭವಾಗಬಾರದು, ಅಮ್ಮಿಯ ನೀರಿನ ಬಾಟಲಿಯಿಂದ ಆರಂಭವಾಗಬೇಕು. ಅವರನ್ನು ಕರೆದುಕೊಂಡು ಹೋಗಿ ಬಾಯಾರಿಸಿ ಕೂರಿಸುವುದು, ಬುಡದಲ್ಲಿ ಬಿಟ್ಟು ಹೋಗುವುದಕ್ಕಿಂತ ದೊಡ್ಡ ಉಪಕಾರವೇನಲ್ಲ.

"ಮನೆಕೆಲಸವೇ ಸಾಕಷ್ಟು ವ್ಯಾಯಾಮ" ಎನ್ನುವವರಿಗೆ

ಈ ಮಾತನ್ನು ನೀವೂ ಕೇಳಿರುತ್ತೀರಿ. ಮನೆಕೆಲಸ ದಣಿಸುತ್ತದೆ ನಿಜ. ಆದರೆ ದಣಿವು ಬೇರೆ, ಕಸುವು ಬೇರೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಉಸಿರಾಟದ ವೇಗ ಹೆಚ್ಚುವಂತಹ ಚಟುವಟಿಕೆ ಮಾಡಬೇಕು, ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಲೆಯ ಮುಂದೆ ಮೂರು ಗಂಟೆ ನಿಂತರೆ ಕಾಲು ನೋಯುತ್ತದೆಯೇ ಹೊರತು ಹೃದಯಕ್ಕೂ ಶ್ವಾಸಕೋಶಕ್ಕೂ ಈ ಕೆಲಸ ಸಿಗುವುದಿಲ್ಲ.

ಅಂಗಡಿಯಲ್ಲಿ ವಾರವಿಡೀ ಕೂತು ಭಾನುವಾರ ಒಮ್ಮೆಗೇ ಬೆಟ್ಟ ಏರುವ ಯಜಮಾನರಿಗೂ ಈ ಮಾತು ಅನ್ವಯಿಸುತ್ತದೆ. ಒಂದು ದಿನದ ಸಾಹಸದಿಂದ ಆರೋಗ್ಯ ಬರುವುದಿಲ್ಲ. ಆ ದಿನಕ್ಕಾಗಿ ಮಾಡುವ ಆರು ವಾರದ ತಯಾರಿಯಿಂದ ಬರುತ್ತದೆ. ಮೊದಲ ಎರಡು ವಾರ, ವಾರಕ್ಕೆ ಐದು ದಿನ ಅರ್ಧ ಗಂಟೆ ಬಿರುಸು ನಡಿಗೆ. ನಡೆಯುತ್ತಾ ಮಾತನಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ವೇಗ ಸಾಕು. ಮುಂದಿನ ಎರಡು ವಾರ ಹತ್ತು ನಿಮಿಷ ಮೆಟ್ಟಿಲು ಹತ್ತಿಳಿಯುವುದನ್ನೂ ವಾರಕ್ಕೆರಡು ಸಲ ಮೈದಾನದಲ್ಲಿ ಸೈಕಲ್ಲನ್ನೂ ಸೇರಿಸಿ. ಕೊನೆಯ ಎರಡು ವಾರ, ಆ ದಿನ ತೊಡುವ ಬೂಟುಗಳನ್ನೇ ತೊಟ್ಟು, ಹೊರುವ ಚೀಲವನ್ನೇ ಹೊತ್ತು ಎರಡು ಗಂಟೆ ನಡೆದು ನೋಡಿ. ಬೂಟು ಎಲ್ಲಿ ಕಚ್ಚುತ್ತದೆ ಎಂಬುದು ಮನೆಯ ಹತ್ತಿರವೇ ಗೊತ್ತಾಗಲಿ.

ಎದೆನೋವು, ಹತ್ತು ಮೆಟ್ಟಿಲಿಗೇ ಉಸಿರುಗಟ್ಟುವುದು, ಹತೋಟಿಗೆ ಬಾರದ ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆ ಇರುವವರು ಈ ತಯಾರಿಗೂ ಮುಂಚೆ ವೈದ್ಯರನ್ನು ಕಾಣಬೇಕು. ನಿಜವಾಗಿಯೂ ಹತ್ತಲಾಗದವರು ಮನೆಯಲ್ಲಿದ್ದರೆ ಅದಕ್ಕೂ ದಾರಿಯಿದೆ. ನಂದಿಯ ತುದಿಯವರೆಗೆ ವಾಹನದ ರಸ್ತೆ ಇದೆ. ಅವರು ರಸ್ತೆಯಲ್ಲಿ ಬರಲಿ, ನೀವು ಮೆಟ್ಟಿಲಲ್ಲಿ ಬನ್ನಿ, ಊಟಕ್ಕೆ ಮೇಲೆ ಸೇರಿ. ಬುಡದಲ್ಲಿ ಒಬ್ಬರೇ ಕೂರುವ ಅಗತ್ಯ ಯಾರಿಗೂ ಇಲ್ಲ.

ನೀರು ಮತ್ತು ಶೌಚ: ಕೇಳಲು ನಾಚಿಕೆ ಬೇಡ

ಹೆಂಗಸರ ಮೂತ್ರದ್ವಾರದ ನಾಳ ಗಂಡಸರದಕ್ಕಿಂತ ಬಹಳ ಚಿಕ್ಕದು, ಸುಮಾರು 4 ಸೆಂಟಿಮೀಟರ್. ರೋಗಾಣುಗಳು ಮೂತ್ರಕೋಶ ತಲುಪುವುದು ಸುಲಭ. ನೀರು ಕಡಿಮೆ ಕುಡಿದು, ಬಂದ ಮೂತ್ರವನ್ನೂ ಗಂಟೆಗಟ್ಟಲೆ ತಡೆದರೆ ಅವುಗಳನ್ನು ಹೊರಹಾಕುವ ದಾರಿಯನ್ನೇ ಮುಚ್ಚಿದಂತಾಗುತ್ತದೆ. ಬೆವರು ಸುರಿಯುವ ದಿನ ಇದು ಇನ್ನೂ ಕೆಟ್ಟದ್ದು. ತಲೆ ಸುತ್ತುತ್ತದೆ, ಕಾಲು ತಡವರಿಸುತ್ತದೆ, ಇಳಿಯುವಾಗ ಬೀಳುವ ಸಂಭವ ಹೆಚ್ಚುತ್ತದೆ.

ಆದ್ದರಿಂದ ಮನೆಯ ಗಂಡಸರಿಗೆ ಒಂದು ಕೆಲಸ ಕೊಡುತ್ತೇನೆ. ಹೊರಡುವ ಮುನ್ನ ಆ ದಿನದ ದಾರಿಯಲ್ಲಿ ಎಲ್ಲೆಲ್ಲಿ ಶೌಚಾಲಯ ಇದೆ ಎಂದು ನೀವೇ ವಿಚಾರಿಸಿ, ಎಲ್ಲರಿಗೂ ಕೇಳುವಂತೆ ಹೇಳಿ. ಮನೆಯಿಂದ ಹೊರಡುವಾಗ ಒಮ್ಮೆ, ಬುಡದ ಊರಿನಲ್ಲಿ ಒಮ್ಮೆ, ತುದಿಯಲ್ಲಿ ಒಮ್ಮೆ, ಇಳಿದ ಮೇಲೆ ಒಮ್ಮೆ ಎಂದು ಮೊದಲೇ ನಿಗದಿ ಮಾಡಿ. ಮೆಟ್ಟಿಲ ದಾರಿಯ ನಡುವೆ ಶೌಚಾಲಯ ಸಿಗುತ್ತದೆ ಎಂದು ಎಣಿಸಬೇಡಿ. ತುರ್ತಾದರೆ ಮರೆ ಹಿಡಿಯಲು ಒಂದು ಅಗಲವಾದ ಚಾದರ, ಒಂದು ಬಾಟಲಿ ನೀರು, ಸೋಪು ಚೀಲದಲ್ಲಿರಲಿ. ಮುಟ್ಟಿನ ದಿನವಾದರೆ ನಾಲ್ಕರಿಂದ ಆರು ಗಂಟೆಗೊಮ್ಮೆ ಪ್ಯಾಡ್ ಬದಲಿಸಿ, ಬಳಸಿದ್ದನ್ನು ಮುಚ್ಚಿದ ಚೀಲದಲ್ಲಿ ಮನೆಗೇ ತನ್ನಿ. ಅರ್ಕಾವತಿ ನದಿ ಹುಟ್ಟುವುದು ಈ ನಂದಿ ಬೆಟ್ಟದಲ್ಲೇ. ನಾವು ಬಿಸಾಡಿದ್ದು ಕೆಳಗಿನವರ ನೀರಿಗೆ ಸೇರುತ್ತದೆ.

ಇನ್ನು ಕುಡಿಯುವ ಲೆಕ್ಕ. ದೊಡ್ಡವರಿಗೆ ತಲಾ ಎರಡರಿಂದ ಮೂರು ಲೀಟರ್ ಒಯ್ಯಿರಿ. ಹತ್ತುವಾಗ ಗಂಟೆಗೆ ಸುಮಾರು ಅರ್ಧ ಲೀಟರ್, ಅದೂ ಗುಟುಕು ಗುಟುಕಾಗಿ. ಬೆವರಿನ ಜೊತೆ ಉಪ್ಪೂ ಹೋಗುವುದರಿಂದ ಬರೀ ನೀರನ್ನೇ ಅತಿಯಾಗಿ ಕುಡಿಯುವುದೂ ಒಳ್ಳೆಯದಲ್ಲ. ಒಂದು ಲೀಟರ್ ನೀರಿಗೆ ಬೆರೆಸುವ ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ. ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಇದಕ್ಕಿಂತ ಹೆಚ್ಚಾಗಬಾರದು. ಮೂತ್ರ ತಿಳಿಹಳದಿ ಇದ್ದರೆ ಸರಿ, ಗಾಢ ಬಣ್ಣವಾದರೆ ನೀರು ಸಾಲದು ಎಂದರ್ಥ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿಗೆ ಇಂತಹ ದಿನ ಸಕ್ಕರೆ ಥಟ್ಟನೆ ಇಳಿಯಬಹುದು, ಆ ರಾತ್ರಿಯೂ ಇಳಿಯಬಹುದು. ಮದ್ದಿನ ಪ್ರಮಾಣವನ್ನು ವೈದ್ಯರ ಬಳಿ ಮೊದಲೇ ಕೇಳಿಕೊಳ್ಳಿ. ಜೇಬಿನಲ್ಲಿ ಗ್ಲೂಕೋಸ್ ಅಥವಾ ಸಕ್ಕರೆ ಇರಲಿ, ಜೊತೆಗೆ ನಾಲ್ಕು ಖರ್ಜೂರ.

ಉಡುಪು, ಚೈನು, ಪಾದ

ಸೈಕಲ್ ಮೇಲೆ ನಮ್ಮ ಹೆಂಗಸರಿಗೆ ಇರುವ ದೊಡ್ಡ ಅಪಾಯ ಏರಿಳಿತವಲ್ಲ, ಹಿಂದಿನ ಚಕ್ರ. ದುಪಟ್ಟಾದ ತುದಿ, ಬುರ್ಖಾದ ಅಂಚು, ಅಗಲ ಸಲ್ವಾರು ಚೈನಿಗೋ ಕಡ್ಡಿಗಳಿಗೋ ಸಿಕ್ಕಿದರೆ ಕ್ಷಣದಲ್ಲಿ ನೆಲಕ್ಕೆ ಬೀಳುತ್ತೀರಿ. ಕುತ್ತಿಗೆಗೆ ಸುತ್ತಿದ ಬಟ್ಟೆ ಸಿಕ್ಕಿದರೆ ಪ್ರಾಣಕ್ಕೇ ಸಂಚಕಾರ. ಇದಕ್ಕೆ ಮರ್ಯಾದೆಯ ಉಡುಪನ್ನು ಬಿಡಬೇಕಿಲ್ಲ. ಮೊಣಕಾಲವರೆಗಿನ ಸಡಿಲ ಕುರ್ತಾ, ಪಾದದ ಬಳಿ ಕಟ್ಟಿದ ಪೈಜಾಮ, ತುದಿಗಳನ್ನು ಒಳಗೆ ಸೇರಿಸಿದ ತೆಳು ಹತ್ತಿಯ ಹಿಜಾಬ್ ಸಾಕು. ಹೆಲ್ಮೆಟ್ಟಿನ ಕೆಳಗೆ ಪಿನ್ನೂ ಬೇಡ, ಹಿಂದೆ ದಪ್ಪ ಗಂಟೂ ಬೇಡ. ಪಿನ್ನು ಬಿದ್ದಾಗ ಚುಚ್ಚುತ್ತದೆ, ಗಂಟಿದ್ದರೆ ಹೆಲ್ಮೆಟ್ ತಲೆಗೆ ಸರಿಯಾಗಿ ಕೂರುವುದಿಲ್ಲ. ಮಣ್ಣುದಾರಿಗೆ ದಪ್ಪ ಟೈರಿನ ಗೇರ್ ಸೈಕಲ್ಲೇ ಬೇಕು. ಬಾಡಿಗೆಗೆ ತಂದರೆ ಚೈನಿಗೆ ಮುಚ್ಚಳವಿದೆಯೇ, ಎರಡೂ ಬ್ರೇಕ್ ಹಿಡಿಯುತ್ತವೆಯೇ ನೋಡಿ. ಇಳಿಜಾರಿನಲ್ಲಿ ಮುಂದಿನ ಬ್ರೇಕನ್ನು ಒಂದೇ ಏಟಿಗೆ ಒತ್ತಬೇಡಿ. ಎರಡನ್ನೂ ಸೇರಿಸಿ ಮೆಲ್ಲಗೆ ಹಿಡಿದು ಬಿಡುತ್ತಾ ಬನ್ನಿ.

ಪಾದದ ಬಗ್ಗೆ ನಮಗೇ ವಿಶೇಷವಾದ ಒಂದು ಮಾತಿದೆ. ನಡುವೆ ವುಝೂ ಮಾಡಿ, ಒದ್ದೆ ಪಾದಕ್ಕೇ ಸಾಕ್ಸ್ ಏರಿಸಿ ಮತ್ತೆ ನಡೆಯುತ್ತೇವೆ. ಒದ್ದೆ ಚರ್ಮ ಬೇಗ ಬೊಬ್ಬೆ ಏಳುತ್ತದೆ, ಬೆರಳ ಸಂದಿಗಳಲ್ಲಿ ಹುಳುಕು ಹತ್ತುತ್ತದೆ. ಚಿಕ್ಕ ಟವೆಲ್ ಒಂದಿರಲಿ. ಬೆರಳ ಸಂದಿಗಳನ್ನು ಒರೆಸಿ, ಒಣ ಸಾಕ್ಸ್ ತೊಟ್ಟು ಹೊರಡಿ.

ಹಿಂದಿರುಗುವ ಗಂಟೆ ಮೊದಲೇ ಗೊತ್ತಿರಲಿ

ನಮ್ಮ ನಮಾಝಿನ ಹೊತ್ತುಗಳೇ ಈ ದಿನಕ್ಕೆ ಒಳ್ಳೆಯ ಗಡಿಯಾರ. ಫಜ್ರ್ ಮುಗಿಸಿ ಬೆಳಕು ಹರಿದ ಮೇಲೆ ಸೈಕಲ್ ಏರಿ. ಝುಹ್ರ್ ಹೊತ್ತಿಗೆ ನೀವು ಮೇಲಿರಬೇಕು. ಇನ್ನೂ ಮೆಟ್ಟಿಲ ಮೇಲೆಯೇ ಇದ್ದರೆ, ತುದಿ ಕಣ್ಣಿಗೆ ಕಾಣುತ್ತಿದ್ದರೂ ತಿರುಗಿ ಬನ್ನಿ. ಅಸ್ರ್ ಬುಡದಲ್ಲಿ, ಮಗ್ರಿಬ್‌ಗೆ ಮೊದಲು ಮನೆಯಲ್ಲಿ. ಕತ್ತಲಲ್ಲಿ ದಣಿದ ಮಕ್ಕಳೊಂದಿಗೆ ಮಣ್ಣುದಾರಿಯಲ್ಲಿ ಸೈಕಲ್ ಬೇಡವೇ ಬೇಡ. ಮೆಟ್ಟಿಲ ದಾರಿ ತೆರೆದಿದೆಯೇ, ಸೈಕಲ್ ಎಲ್ಲಿ ಬಿಡಬಹುದು ಎಂದು ಹಿಂದಿನ ದಿನವೇ ವಿಚಾರಿಸಿ. ಸಾಧ್ಯವಾದರೆ ವಾರದ ನಡುವಿನ ರಜೆ ಆರಿಸಿ, ಭಾನುವಾರ ಜನಜಂಗುಳಿ.

ಹತ್ತುವುದು ಉಸಿರನ್ನು ಪರೀಕ್ಷಿಸಿದರೆ ಇಳಿಯುವುದು ಮಂಡಿಯನ್ನು ಪರೀಕ್ಷಿಸುತ್ತದೆ. ತೊಡೆಯ ಸ್ನಾಯುಗಳು ಇಳಿಯುವಾಗಲೇ ಹೆಚ್ಚು ನೋಯುವುದು, ಆ ನೋವು ಒಂದೆರಡು ದಿನ ಬಿಟ್ಟು ಜೋರಾಗುವುದು ಸಹಜ. ಕೋಲು ಹಿಡಿದು, ಮೊಣಕಾಲು ಸ್ವಲ್ಪ ಬಾಗಿಸಿ, ಚಿಕ್ಕ ಹೆಜ್ಜೆ ಇಡಿ. ಮೇಲೆ ಗಾಳಿ ಜೋರು. ಬೆವರಿದ ಅಂಗಿಯಲ್ಲಿ ನಿಲ್ಲದೆ ಒಣ ಬಟ್ಟೆ ತೊಡಿ.

ಬುತ್ತಿ ಬಿಚ್ಚುವ ಮುನ್ನ ಸೋಪಿನಲ್ಲಿ ಕೈ ತೊಳೆಯಿರಿ. ನಂದಿಯಲ್ಲಿ ಕೋತಿಗಳು ಬಹಳ, ಕೈಯಲ್ಲಿ ತಿಂಡಿ ಹಿಡಿದು ತಿರುಗಬೇಡಿ, ಅವಕ್ಕೆ ತಿನ್ನಿಸಬೇಡಿ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ರೇಬೀಸ್ ಲಸಿಕೆ ಬೇಕಾಗುತ್ತದೆ.

ಎದೆ ಹಿಂಡಿದಂತಾದರೆ, ನೋವು ದವಡೆಗೋ ಎಡತೋಳಿಗೋ ಹರಿದರೆ, ತಣ್ಣನೆ ಬೆವರು ಬಂದರೆ ಅಲ್ಲೇ ಕೂರಿಸಿ 108ಕ್ಕೆ ಕರೆ ಮಾಡಿ. ಹೆಂಗಸರಲ್ಲಿ ಹೃದಯದ ತೊಂದರೆ ಕೆಲವೊಮ್ಮೆ ಬರೀ ವಾಕರಿಕೆ, ವಿಪರೀತ ಸುಸ್ತಾಗಿ ಕಾಣಿಸುತ್ತದೆ. "ಗ್ಯಾಸ್ ಇರಬೇಕು, ನಡಿ" ಎನ್ನಬೇಡಿ.

ಕಳೆದ ಚಳಿಗಾಲದಲ್ಲಿ ನಾವು ಮತ್ತೆ ಅದೇ ದಾರಿಯಲ್ಲಿ ಹೋದೆವು. ಈ ಸಲ ಬುತ್ತಿಯನ್ನು ಐದು ಚೀಲಗಳಿಗೆ ಹಂಚಿದ್ದೆವು. ಸುಲ್ತಾನಪೇಟೆ ಬರುವ ಮುಂಚೆಯೇ ನನ್ನ ಚಿಕ್ಕ ಮಗ, "ಅಮ್ಮಿ, ಬಾತ್‌ರೂಮಿಗೆ ಎಲ್ಲಿ ಹೋಗಬೇಕು ಅಂತ ಕೇಳಿಕೊಂಡು ಬಂದಿದ್ದೇನೆ, ನೀವು ಧೈರ್ಯವಾಗಿ ನೀರು ಕುಡಿಯಿರಿ" ಎಂದ. ಎರಡೂವರೆ ಲೀಟರ್ ಕುಡಿದೆ. ಮೂರನೆಯ ದಿನ ತೊಡೆ ನೋಯುತ್ತಿತ್ತು, ಬೇರೇನೂ ಆಗಲಿಲ್ಲ.

ನಿಮ್ಮ ಮುಂದಿನ ಪ್ರವಾಸಕ್ಕೆ ಮೊದಲು ಮನೆಯವರೆಲ್ಲ ಕೂತು ಈ ಒಂದು ಮಾತು ಆಡಿ. ಎಲ್ಲಿಗೆ ಹೋಗಬೇಕು ಎಂಬುದು ಆಮೇಲೆ ತೀರ್ಮಾನವಾಗಲಿ. ಅಮ್ಮಿ ಬರುತ್ತಾರೆಯೇ, ಅವರು ನೀರು ಕುಡಿಯಲು ನಾವೇನು ಮಾಡಿದ್ದೇವೆ ಎಂಬುದು ಮೊದಲು ತೀರ್ಮಾನವಾಗಲಿ.