ಗೋಣಿಕೊಪ್ಪಲಿನ ಕಾಫಿ ಮತ್ತು ವಿದೇಶಿ ಮಾರುಕಟ್ಟೆ: ಕುಡಿಯುವವರ ರೂಢಿಯನ್ನು ಅರಿಯುವ ಅಗತ್ಯ

ಪೀಠಿಕೆ

ಕೊಡಗು ಜಿಲ್ಲೆಯ ಪೊನ್ನಂಪೇಟೆ ತಾಲ್ಲೂಕಿಗೆ ಸೇರಿದ ಗೋಣಿಕೊಪ್ಪಲು ದಕ್ಷಿಣ ಕೊಡಗಿನ ಪ್ರಮುಖ ವಾಣಿಜ್ಯ ಕೇಂದ್ರವಾಗಿದೆ. ಸುತ್ತಲಿನ ಗ್ರಾಮಗಳಲ್ಲಿ ಬೆಳೆಯುವ ರೊಬಸ್ಟಾ ಕಾಫಿ ಮತ್ತು ಕರಿಮೆಣಸು ಇಲ್ಲಿನ ವರ್ತಕರ ಮೂಲಕ ಹೊರ ಊರುಗಳಿಗೆ ಸಾಗುತ್ತವೆ. ಭಾರತದಲ್ಲಿ ವರ್ಷಕ್ಕೆ ಸುಮಾರು 3.5 ಲಕ್ಷ ಟನ್ ಕಾಫಿ ಉತ್ಪಾದನೆಯಾಗುತ್ತಿದ್ದು, ಇದರಲ್ಲಿ ಕರ್ನಾಟಕದ ಪಾಲು ಸುಮಾರು ಶೇ. 70 ರಷ್ಟಿದೆ. ಕೊಡಗು ಜಿಲ್ಲೆಯೊಂದೇ ದೇಶದ ಉತ್ಪಾದನೆಯ ಸುಮಾರು ಮೂರನೇ ಒಂದು ಭಾಗವನ್ನು ನೀಡುತ್ತದೆ. ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ರಫ್ತಾಗುತ್ತದೆ. 2024-25 ನೇ ಸಾಲಿನಲ್ಲಿ ಕಾಫಿ ರಫ್ತಿನ ಮೌಲ್ಯ ಸುಮಾರು 180 ಕೋಟಿ ಡಾಲರ್‌ಗಳಷ್ಟಿತ್ತು.

ಹೀಗಿದ್ದರೂ, ಈ ಭಾಗದ ಸಣ್ಣ ಬೆಳೆಗಾರರಲ್ಲಿ ಬಹುಪಾಲು ಜನರು ಹಣ್ಣನ್ನು ಕಣದಲ್ಲಿ ಒಣಗಿಸಿ, ಚೆರಿ ರೂಪದಲ್ಲಿಯೇ ಸ್ಥಳೀಯವಾಗಿ ಮಾರುತ್ತಾರೆ. ತಮ್ಮ ಕಾಫಿಯನ್ನು ಯಾವ ದೇಶದವರು, ಯಾವ ರೀತಿಯಲ್ಲಿ ಕುಡಿಯುತ್ತಾರೆ ಎಂಬುದು ಅವರಿಗೆ ತಿಳಿಯುವ ಸಂದರ್ಭವೇ ಬರುವುದಿಲ್ಲ. ಆದರೆ ಬೀಜದ ಬೆಲೆಯನ್ನು ನಿರ್ಧರಿಸುವ ಅಂಶಗಳಲ್ಲಿ ಇದೇ ಮುಖ್ಯವಾದುದು. ಈ ವಿಷಯವನ್ನು ಪ್ರಸ್ತುತ ಲೇಖನದಲ್ಲಿ ವಿಶ್ಲೇಷಿಸಲಾಗಿದೆ.

ಬೆಳೆಗಾರ ಮತ್ತು ಗ್ರಾಹಕರ ನಡುವಿನ ಅಂತರಕ್ಕೆ ಕಾರಣ

ಈ ಅಂತರಕ್ಕೆ ಐತಿಹಾಸಿಕ ಕಾರಣವಿದೆ. 1942 ರ ಕಾಫಿ ಕಾಯ್ದೆಯ ಅನ್ವಯ ಬೆಳೆಗಾರರು ತಮ್ಮ ಫಸಲನ್ನು ಕಾಫಿ ಮಂಡಳಿಯ ಸಂಗ್ರಹಕ್ಕೆ ಒಪ್ಪಿಸಬೇಕಾಗಿತ್ತು. ಮಂಡಳಿಯೇ ಹರಾಜು ನಡೆಸಿ, ಬೆಳೆಗಾರರಿಗೆ ಕಂತುಗಳಲ್ಲಿ ಹಣ ಪಾವತಿಸುತ್ತಿತ್ತು. ಯುದ್ಧಕಾಲದ ಬೆಲೆ ಕುಸಿತದಿಂದ ಬೆಳೆಗಾರರನ್ನು ರಕ್ಷಿಸಲು ರೂಪಿಸಿದ ಈ ವ್ಯವಸ್ಥೆ ದಶಕಗಳ ಕಾಲ ಮುಂದುವರಿಯಿತು. ಸೋವಿಯತ್ ಒಕ್ಕೂಟವು ರೂಪಾಯಿ ವ್ಯಾಪಾರದ ಒಪ್ಪಂದದಡಿ ಭಾರತದ ಕಾಫಿಯನ್ನು ದೊಡ್ಡ ಪ್ರಮಾಣದಲ್ಲಿ ಖರೀದಿಸುತ್ತಿದ್ದ ಕಾರಣ, ಇತರ ದೇಶಗಳ ಅಭಿರುಚಿಯನ್ನು ಅರಿಯುವ ಒತ್ತಡವೂ ಇರಲಿಲ್ಲ.

1989 ರ ಜುಲೈನಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ವ್ಯವಸ್ಥೆ ಸ್ಥಗಿತಗೊಂಡಿತು. 1991 ರ ಡಿಸೆಂಬರ್‌ನಲ್ಲಿ ಸೋವಿಯತ್ ಒಕ್ಕೂಟವೇ ವಿಸರ್ಜನೆಗೊಂಡಿತು. ಒಬ್ಬ ದೊಡ್ಡ ಗ್ರಾಹಕನನ್ನೇ ನೆಚ್ಚಿಕೊಂಡ ವ್ಯಾಪಾರದ ಅಪಾಯ ಆಗ ಸ್ಪಷ್ಟವಾಯಿತು. 1992 ರಿಂದ ಹಂತ ಹಂತವಾಗಿ ನಿಯಂತ್ರಣವನ್ನು ಸಡಿಲಿಸಿ, 1996 ರ ಸೆಪ್ಟೆಂಬರ್‌ನಲ್ಲಿ ಎಲ್ಲ ಬೆಳೆಗಾರರಿಗೂ ಪೂರ್ಣ ಮುಕ್ತ ಮಾರಾಟದ ಅವಕಾಶ ನೀಡಲಾಯಿತು. ಮಾರುವ ಸ್ವಾತಂತ್ರ್ಯ ದೊರೆತರೂ ಮಾರುಕಟ್ಟೆಯ ಜ್ಞಾನ ಅದರ ಜೊತೆಗೆ ತಾನಾಗಿ ಬರಲಿಲ್ಲ ಎಂಬುದು ಗಮನಾರ್ಹ.

ಮಾನ್ಸೂನ್ ಕಾಫಿ ನೀಡುವ ಪಾಠ

ಗ್ರಾಹಕರ ರೂಢಿಯನ್ನು ಅರಿತು ವ್ಯಾಪಾರ ಮಾಡಿದ ಉತ್ತಮ ಉದಾಹರಣೆ ಕರ್ನಾಟಕದ ಕರಾವಳಿಯಲ್ಲಿಯೇ ಇದೆ. ಹಾಯಿ ಹಡಗುಗಳ ಕಾಲದಲ್ಲಿ ಮಲಬಾರ್ ಮತ್ತು ಮಂಗಳೂರು ತೀರದಿಂದ ಹೊರಟ ಕಾಫಿ, ಆಫ್ರಿಕಾ ಖಂಡವನ್ನು ಸುತ್ತಿ ಯುರೋಪ್ ತಲುಪಲು ಹಲವು ತಿಂಗಳು ಹಿಡಿಯುತ್ತಿತ್ತು. ದಾರಿಯಲ್ಲಿ ಸಮುದ್ರದ ತೇವವನ್ನು ಹೀರಿ ಬೀಜಗಳು ಉಬ್ಬಿ ಹೊಂಬಣ್ಣಕ್ಕೆ ತಿರುಗುತ್ತಿದ್ದವು, ಹುಳಿ ಕಡಿಮೆಯಾಗುತ್ತಿತ್ತು. ಉತ್ತರ ಯುರೋಪಿನ ಗ್ರಾಹಕರು ಈ ರುಚಿಗೆ ಒಗ್ಗಿಕೊಂಡಿದ್ದರು. 1869 ರಲ್ಲಿ ಸೂಯೆಜ್ ಕಾಲುವೆ ತೆರೆದು, ಉಗಿ ಹಡಗುಗಳು ಬಂದ ನಂತರ ಪ್ರಯಾಣದ ಅವಧಿ ಕಡಿಮೆಯಾಯಿತು. ಬೀಜ ತಾಜಾ ಸ್ಥಿತಿಯಲ್ಲಿ ತಲುಪತೊಡಗಿತು. ಆದರೆ ಗ್ರಾಹಕರು ಕೇಳಿದ್ದು ಹಳೆಯ ರುಚಿಯನ್ನೇ.

ಇದಕ್ಕೆ ಉತ್ತರವಾಗಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಕರಾವಳಿಯ ಗೋದಾಮುಗಳಲ್ಲಿ ಬೀಜವನ್ನು ಹರಡಿ, ಆಗಾಗ ಮಗುಚಿ, ತೇವದ ಗಾಳಿಗೆ ಒಡ್ಡುವ ವಿಧಾನವನ್ನು ರೂಪಿಸಲಾಯಿತು. ಮಾನ್ಸೂನ್ಡ್ ಮಲಬಾರ್ ಎಂಬ ಹೆಸರಿನ ಈ ಕಾಫಿಗೆ ಇಂದು ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಸಾಮಾನ್ಯ ದೃಷ್ಟಿಯಲ್ಲಿ ದೋಷವೆನಿಸುವ ಗುಣವನ್ನು ಬೇರೊಂದು ದೇಶದ ಗ್ರಾಹಕರು ಮೆಚ್ಚುವುದಾದರೆ, ಅದೇ ವ್ಯಾಪಾರದ ಬಂಡವಾಳವಾಗಬಲ್ಲದು ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ದೇಶಕ್ಕೊಂದು ರೂಢಿ

ವಿದೇಶಿ ಮಾರುಕಟ್ಟೆ ಎಂಬುದು ಒಂದೇ ಮಾರುಕಟ್ಟೆಯಲ್ಲ. ದಕ್ಷಿಣ ಕೊಡಗಿನ ಬೆಳೆಗೆ ಸಂಬಂಧಿಸಿದಂತೆ ಕೆಲವು ಮುಖ್ಯ ಅಂಶಗಳು ಈ ಕೆಳಕಂಡಂತಿವೆ.

1. ಇಟಲಿ: ಭಾರತದ ಕಾಫಿಯನ್ನು ಖರೀದಿಸುವ ದೇಶಗಳಲ್ಲಿ ಇಟಲಿ ಮುಂಚೂಣಿಯಲ್ಲಿದೆ. ಅಲ್ಲಿನ ಎಸ್ಪ್ರೆಸೊ ಕಾಫಿಯನ್ನು ಚಿಕ್ಕ ಬಟ್ಟಲಿನಲ್ಲಿ, ಹೆಚ್ಚಾಗಿ ಅಂಗಡಿಯ ಕಟ್ಟೆಯ ಬಳಿ ನಿಂತೇ ಕುಡಿಯುತ್ತಾರೆ. ಅದರ ಮೇಲಿನ ದಟ್ಟ ನೊರೆಗೆ ಮತ್ತು ಗಾಢತೆಗೆ ರೊಬಸ್ಟಾ ಸಹಾಯಕ. ನೇಪಲ್ಸ್ ಮುಂತಾದ ದಕ್ಷಿಣ ಭಾಗಗಳಲ್ಲಿ ಮಿಶ್ರಣದಲ್ಲಿ ರೊಬಸ್ಟಾದ ಪಾಲು ಇನ್ನೂ ಹೆಚ್ಚು. ಆದುದರಿಂದ ಶುದ್ಧವಾಗಿ ಪಲ್ಪಿಂಗ್ ಮಾಡಿ ತೊಳೆದ ರೊಬಸ್ಟಾ ಪಾರ್ಚ್‌ಮೆಂಟ್‌ಗೆ ಅಲ್ಲಿ ಬೇಡಿಕೆಯಿದೆ. 'ರೊಬಸ್ಟಾ ಕಾಪಿ ರಾಯಲ್' ಎಂಬ ವಿಶೇಷ ದರ್ಜೆ ಇಂತಹ ಬೇಡಿಕೆಗೆ ಹೊಂದುವಂತಹುದು. ಆಗಸ್ಟ್ ತಿಂಗಳಿನಲ್ಲಿ ಅಲ್ಲಿನ ಅನೇಕ ಸಂಸ್ಥೆಗಳು ರಜೆಯಲ್ಲಿರುವುದರಿಂದ, ಆ ಅವಧಿಯಲ್ಲಿ ಕಳುಹಿಸಿದ ಮಾದರಿಗೆ ಉತ್ತರ ಬಾರದಿದ್ದರೆ ಅದನ್ನು ನಿರಾಕರಣೆ ಎಂದು ಭಾವಿಸಬೇಕಾಗಿಲ್ಲ.

2. ನಾರ್ಡಿಕ್ ದೇಶಗಳು: ಫಿನ್ಲೆಂಡ್, ನಾರ್ವೆ ಮುಂತಾದ ದೇಶಗಳಲ್ಲಿ ತಲಾ ಬಳಕೆ ಅತ್ಯಧಿಕ. ಆದರೆ ಹದವಾಗಿ ಹುರಿದ ಅರೇಬಿಕಾಕ್ಕೆ ಅಲ್ಲಿ ಪ್ರಾಶಸ್ತ್ಯ. ಇಟಲಿಗೆ ಒಪ್ಪುವ ಬೀಜವನ್ನೇ ಅಲ್ಲಿಗೂ ಕಳುಹಿಸಿದರೆ ಪ್ರಯೋಜನವಾಗದು.

3. ತುರ್ಕಿ ಮತ್ತು ಅರಬ್ ದೇಶಗಳು: ತುರ್ಕಿಯಲ್ಲಿ ನುಣ್ಣನೆಯ ಪುಡಿಯನ್ನು ಸೋಸದೆ ಕುದಿಸಿ ಕುಡಿಯುತ್ತಾರೆ. ಕೊಲ್ಲಿ ದೇಶಗಳ 'ಖಹ್ವಾ' ತಿಳಿಯಾಗಿ ಹುರಿದ ಬೀಜದಿಂದ ಆಗುವಂತಹುದು. ಅದಕ್ಕೆ ಏಲಕ್ಕಿ ಸೇರಿಸುವುದು ವಾಡಿಕೆ. ಈ ಎರಡೂ ಪದ್ಧತಿಗಳನ್ನು ಯುನೆಸ್ಕೊ ಸಂಸ್ಥೆ ಕ್ರಮವಾಗಿ 2013 ಮತ್ತು 2015 ರಲ್ಲಿ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿದೆ. ಅತಿಥಿಗೆ ಕಾಫಿ ನೀಡುವುದು ಅಲ್ಲಿ ಗೌರವದ ಸೂಚಕ. ಕಾಫಿ ಮತ್ತು ಏಲಕ್ಕಿ ಎರಡನ್ನೂ ಬೆಳೆಯುವ ಕೊಡಗಿಗೆ ಇದು ಸಹಜ ಮಾರುಕಟ್ಟೆ. ರಂಜಾನ್ ಮಾಸಕ್ಕೆ ಮುಂಚಿತವಾಗಿ ಏಲಕ್ಕಿಯ ಬೇಡಿಕೆ ಏರುತ್ತದೆ. ಆ ಮಾಸ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುವುದರಿಂದ, ಕಳೆದ ವರ್ಷದ ದಿನಾಂಕವನ್ನೇ ನಂಬಿ ಸರಕು ಕಳುಹಿಸುವಂತಿಲ್ಲ.

4. ರಷ್ಯಾ: ಮೂಲತಃ ಚಹಾ ಪ್ರಿಯ ದೇಶ. ಇನ್‌ಸ್ಟಂಟ್ ಕಾಫಿಯ ಬಳಕೆ ಅಲ್ಲಿ ವ್ಯಾಪಕವಾಗಿದ್ದು, ಭಾರತದ ಕಾರ್ಖಾನೆಗಳಿಂದ ಆ ರೂಪದಲ್ಲಿ ರಫ್ತು ನಡೆಯುತ್ತದೆ.

5. ಜಪಾನ್: ಈ ದೇಶ 2006 ರಿಂದ ಕೀಟನಾಶಕ ಶೇಷದ ಬಗ್ಗೆ ಕಟ್ಟುನಿಟ್ಟಿನ ಪಟ್ಟಿಯನ್ನು ಜಾರಿಗೊಳಿಸಿದೆ. ಪ್ರತ್ಯೇಕ ಮಿತಿ ನಿಗದಿಯಾಗದ ರಾಸಾಯನಿಕಗಳಿಗೆ ಕಿಲೋಗೆ 0.01 ಮಿಲಿಗ್ರಾಂನ ಏಕರೂಪದ ಮಿತಿ ಅನ್ವಯಿಸುತ್ತದೆ. ತೋಟದಲ್ಲಿ ಸಿಂಪಡಿಸುವ ಔಷಧಿಯ ಆಯ್ಕೆಯೇ ಅಲ್ಲಿನ ಬಂದರಿನಲ್ಲಿ ಸರಕಿನ ಭವಿಷ್ಯವನ್ನು ನಿರ್ಧರಿಸುತ್ತದೆ.

ದಕ್ಷಿಣ ಭಾರತದಲ್ಲಿ ಚಿಕೋರಿ ಬೆರೆಸಿದ ಫಿಲ್ಟರ್ ಕಾಫಿ ರೂಢಿಯಲ್ಲಿದೆ. ಅನೇಕ ದೇಶಗಳಲ್ಲಿ ಚಿಕೋರಿ ಸೇರಿದ ಪುಡಿಯನ್ನು ಕೇವಲ ಕಾಫಿ ಎಂದು ಮಾರಲು ಅವಕಾಶವಿಲ್ಲ. ನಮ್ಮ ಮನೆಯ ರುಚಿಯನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುವುದು ಸರಿಯಲ್ಲ ಎಂಬುದಕ್ಕೆ ಇದು ನಿದರ್ಶನ.

ಸ್ಥಳೀಯ ಹೆಸರನ್ನು ಉಳಿಸಿಕೊಂಡ ಉದಾಹರಣೆ

ಗೋಣಿಕೊಪ್ಪಲಿಗೆ ಸಮೀಪದ ಪಾಲಿಬೆಟ್ಟದೊಂದಿಗೆ ದೀರ್ಘ ನಂಟು ಹೊಂದಿದ್ದ ಟಾಟಾ ಕಾಫಿ ಸಂಸ್ಥೆಯು 2006 ರಲ್ಲಿ ಅಮೆರಿಕದ 'ಏಯ್ಟ್ ಓ ಕ್ಲಾಕ್' ಕಾಫಿ ಉದ್ಯಮವನ್ನು ಸುಮಾರು 22 ಕೋಟಿ ಡಾಲರ್‌ಗಳಿಗೆ ಖರೀದಿಸಿತು. 1859 ರಷ್ಟು ಹಿಂದಿನ ಇತಿಹಾಸವುಳ್ಳ ಆ ಹೆಸರನ್ನು ಬದಲಿಸಲಿಲ್ಲ. ಅಮೆರಿಕದ ಗೃಹಬಳಕೆದಾರರ ವಿಶ್ವಾಸ ಆ ಹೆಸರಿನೊಂದಿಗೆ ಬೆಸೆದುಕೊಂಡಿತ್ತು. ಟಾಟಾ ಕಾಫಿ 2024 ರ ಜನವರಿಯಲ್ಲಿ ಟಾಟಾ ಕನ್ಸ್ಯೂಮರ್ ಪ್ರಾಡಕ್ಟ್ಸ್‌ನಲ್ಲಿ ವಿಲೀನಗೊಂಡಿದೆ. ಬೃಹತ್ ಬಂಡವಾಳವಿದ್ದ ಸಂಸ್ಥೆಯೂ ಪರದೇಶದಲ್ಲಿ ಅಲ್ಲಿನ ರೂಢಿಗೆ ತಲೆಬಾಗಿತು ಎಂಬುದು ಸಣ್ಣ ಉದ್ದಿಮೆದಾರರಿಗೆ ಗಮನಾರ್ಹ ಸಂಗತಿ.

ಊರಿನ ಹೆಸರು ಮತ್ತು ವಿಶ್ವಾಸ

ಗ್ರಾಹಕರ ವಿಶ್ವಾಸ ಗಳಿಸುವುದು ನಿಧಾನ, ಕಳೆದುಕೊಳ್ಳುವುದು ಶೀಘ್ರ. 2017 ರಲ್ಲಿ ಗೋಣಿಕೊಪ್ಪಲು ಎಪಿಎಂಸಿ ಪ್ರಾಂಗಣದಲ್ಲಿ ವಿಯೆಟ್ನಾಂ ಕರಿಮೆಣಸನ್ನು ಕೊಡಗಿನ ಮೆಣಸಿನೊಂದಿಗೆ ಬೆರೆಸಲಾಗುತ್ತಿದೆ ಎಂಬ ಆರೋಪ ಕೇಳಿಬಂದು, ಬೆಳೆಗಾರರು ತೀವ್ರವಾಗಿ ಪ್ರತಿಭಟಿಸಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರವು ಕರಿಮೆಣಸಿಗೆ ಕಿಲೋಗೆ 500 ರೂ. ಕನಿಷ್ಠ ಆಮದು ದರ ನಿಗದಿಪಡಿಸಿತು. 2018 ರ ಮಾರ್ಚ್‌ನಲ್ಲಿ ಅದಕ್ಕಿಂತ ಕಡಿಮೆ ದರದ ಆಮದನ್ನು ನಿಷೇಧಿಸಿತು. ಬೆಳೆಗಾರರ ಆತಂಕ ಬೆಲೆ ಕುಸಿತಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ಊರಿನ ಹೆಸರಿನ ಮೇಲಿನ ನಂಬಿಕೆಯೂ ಪಣಕ್ಕೆ ಬಿದ್ದಿತ್ತು.

2019 ರಲ್ಲಿ 'ಕೂರ್ಗ್ ಅರೇಬಿಕಾ' ಕಾಫಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಅದೇ ಸಂದರ್ಭದಲ್ಲಿ ರೊಬಸ್ಟಾಕ್ಕೆ ಸಂಬಂಧಿಸಿದ ಮಾನ್ಯತೆ ದೊರೆತದ್ದು ನೆರೆಯ ವಯನಾಡಿಗೆ. ಗೋಣಿಕೊಪ್ಪಲು ಸುತ್ತಲಿನ ಮುಖ್ಯ ಬೆಳೆ ರೊಬಸ್ಟಾ ಆಗಿರುವುದರಿಂದ, ಇಲ್ಲಿನ ಬೆಳೆಗಾರರು ಹೆಸರಿಗಿಂತ ಗುಣಮಟ್ಟದ ದಾಖಲೆಯನ್ನೇ ಹೆಚ್ಚು ಅವಲಂಬಿಸಬೇಕಾಗಿದೆ.

ಯುರೋಪಿನ ನಿಯಮಗಳು

ಇಟಲಿ, ಜರ್ಮನಿ, ಬೆಲ್ಜಿಯಂ ದೇಶಗಳು ಪ್ರಮುಖ ಗ್ರಾಹಕರಾಗಿರುವುದರಿಂದ ಯುರೋಪಿಯನ್ ಒಕ್ಕೂಟದ ನಿಯಮಗಳು ಈ ಭಾಗಕ್ಕೆ ನೇರವಾಗಿ ತಟ್ಟುತ್ತವೆ. ಶಿಲೀಂಧ್ರದಿಂದ ಉಂಟಾಗುವ ಆಕ್ರಟಾಕ್ಸಿನ್ ಎಂಬ ವಿಷಾಂಶದ ಮಿತಿಯನ್ನು 2023 ರ ಜನವರಿಯಿಂದ ಹುರಿದ ಕಾಫಿಗೆ ಕಿಲೋಗೆ 5 ಮೈಕ್ರೋಗ್ರಾಂನಿಂದ 3 ಕ್ಕೆ ಇಳಿಸಲಾಗಿದೆ. ಕೊಯ್ಲಿನ ಸಮಯದಲ್ಲಿ ಅಕಾಲಿಕ ಮಳೆ ಬಿದ್ದಾಗ ಕಣದಲ್ಲಿನ ಬೀಜವನ್ನು ಮುಚ್ಚಿ, ಸರಿಯಾಗಿ ಒಣಗಿಸುವುದು ಹಿಂದೆಂದಿಗಿಂತ ಮುಖ್ಯವಾಗಿದೆ.

ಎರಡನೆಯದು 2023 ರಲ್ಲಿ ಅಂಗೀಕೃತವಾದ ಅರಣ್ಯನಾಶ ತಡೆ ನಿಯಮ. 2020 ರ ಡಿಸೆಂಬರ್ 31 ರ ನಂತರ ಅರಣ್ಯ ಕಡಿದ ಭೂಮಿಯಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ತೋಟದ ಸ್ಥಳ ನಿರ್ದೇಶಾಂಕಗಳನ್ನು ನೀಡಬೇಕು. 4 ಹೆಕ್ಟೇರ್‌ಗಿಂತ ದೊಡ್ಡ ತಾಕುಗಳಿಗೆ ಗಡಿರೇಖೆಯ ನಕ್ಷೆಯೂ ಬೇಕು. ಇದರ ಜಾರಿಯನ್ನು 2024 ಮತ್ತು 2025 ರಲ್ಲಿ ಎರಡು ಬಾರಿ ಮುಂದೂಡಲಾಗಿದೆ. ಮುಂದೂಡಿಕೆಯನ್ನು ರದ್ದತಿ ಎಂದು ತಿಳಿಯುವುದು ತಪ್ಪಾಗುತ್ತದೆ.

ಇಲ್ಲಿ ಪರಸ್ಪರ ತಿಳುವಳಿಕೆಯ ಪ್ರಶ್ನೆಯೂ ಇದೆ. ಕೊಡಗಿನ ಕಾಫಿ ಮರಗಳ ನೆರಳಿನಲ್ಲಿ ಬೆಳೆಯುತ್ತದೆ. ಉಪಗ್ರಹ ಚಿತ್ರದಲ್ಲಿ ತೋಟವೂ ಕಾಡಿನಂತೆಯೇ ಕಾಣಬಹುದು. ನೆರಳು ಮರದ ಕಸಿ ಕಡಿತವನ್ನು ಅರಣ್ಯನಾಶವೆಂದು ತಪ್ಪಾಗಿ ಭಾವಿಸುವ ಸಾಧ್ಯತೆಯೂ ಇದೆ. ಜಮ್ಮಾ, ಬಾಣೆ ಹಿಡುವಳಿಗಳ ಪಹಣಿಯಲ್ಲಿ ಕುಟುಂಬದ ಹಲವರ ಹೆಸರುಗಳು ಒಟ್ಟಿಗೆ ಇರುವುದು ಇಲ್ಲಿನ ವಿಶೇಷ. ಒಬ್ಬ ಮಾಲೀಕ, ಒಂದು ದಾಖಲೆ ಎಂಬ ಕಲ್ಪನೆಗೆ ಒಗ್ಗಿಕೊಂಡ ಖರೀದಿದಾರರಿಗೆ ಇದನ್ನು ವಿವರಿಸಬೇಕಾಗುತ್ತದೆ. ಅವರ ರೂಢಿಯನ್ನು ನಾವು ಅರಿಯುವಂತೆ, ನಮ್ಮ ರೂಢಿಯನ್ನು ಅವರಿಗೆ ತಿಳಿಸುವುದೂ ವ್ಯಾಪಾರದ ಒಂದು ಭಾಗವೇ ಆಗಿದೆ.

ಬೆಲೆ ಏರಿಕೆಯ ಕಾಲ ಮತ್ತು ಅವಕಾಶ

ವಿಯೆಟ್ನಾಂನ ಬರ ಮುಂತಾದ ಕಾರಣಗಳಿಂದ 2024 ರಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ದರ ಟನ್‌ಗೆ 5,000 ಡಾಲರ್ ದಾಟಿತು. 2023 ರ ನವೆಂಬರ್‌ನಿಂದ ಕೆಂಪು ಸಮುದ್ರದಲ್ಲಿ ನಡೆದ ದಾಳಿಗಳಿಂದಾಗಿ ಅನೇಕ ಹಡಗುಗಳು ಮತ್ತೆ ಆಫ್ರಿಕಾ ಖಂಡವನ್ನು ಸುತ್ತಿ ಸಾಗಿದವು. ಸಾಗಣೆಯ ಅವಧಿ ಮತ್ತು ವೆಚ್ಚ ಏರಿತು. ದರ ಏರಿದಾಗ ಯಾವ ರೂಪದ ಕಾಫಿಯಾದರೂ ಮಾರಾಟವಾಗುತ್ತದೆ. ದರ ಇಳಿದಾಗ ಉಳಿಯುವುದು ಗುಣಮಟ್ಟ ಮತ್ತು ಖಾತ್ರಿ ಗ್ರಾಹಕರು ಮಾತ್ರ. 2001 ರ ಆಸುಪಾಸಿನಲ್ಲಿ ದರ ಕುಸಿದು, ಬೆಳೆಗಾರರು ಸಾಲದ ಹೊರೆಗೆ ಸಿಲುಕಿದ್ದನ್ನು ಈ ಭಾಗದ ಜನರು ಮರೆತಿಲ್ಲ. ಆದ್ದರಿಂದ ಉತ್ತಮ ದರದ ವರ್ಷಗಳಲ್ಲಿಯೇ ಪಲ್ಪರ್, ಒಣಗಿಸುವ ಕಣ ಮತ್ತು ಮಾರುಕಟ್ಟೆಯ ತಿಳುವಳಿಕೆಗೆ ಹಣ ತೊಡಗಿಸುವುದು ಸೂಕ್ತ.

ಕೈಗೊಳ್ಳಬಹುದಾದ ಕ್ರಮಗಳು

ಒಂದು 20 ಅಡಿಯ ಕಂಟೇನರ್ ತುಂಬಲು 60 ಕೆ.ಜಿ.ಯ ಸುಮಾರು 320 ಮೂಟೆ, ಅಂದರೆ 19 ಟನ್‌ಗೂ ಹೆಚ್ಚು ಕಾಫಿ ಬೇಕು. ಹೆಕ್ಟೇರ್‌ಗೆ ಸುಮಾರು ಒಂದು ಟನ್ ಇಳುವರಿ ಎಂದು ಲೆಕ್ಕ ಹಾಕಿದರೆ, ಐದು ಎಕರೆ ಹಿಡುವಳಿಯ ಬೆಳೆಗಾರರಿಗೆ ದೊರೆಯುವುದು ಸುಮಾರು ಎರಡು ಟನ್. ಹತ್ತು ಕುಟುಂಬಗಳು ಒಂದೇ ಗುಣಮಟ್ಟಕ್ಕೆ ಬದ್ಧರಾಗಿ ಒಗ್ಗೂಡಿದರೆ ಒಂದು ಕಂಟೇನರ್ ಸಾಧ್ಯವಾಗುತ್ತದೆ. ಈ ದಿಸೆಯಲ್ಲಿ ಕೆಳಕಂಡ ಅಂಶಗಳನ್ನು ಗಮನಿಸಬಹುದು.

• ನಿರ್ದಿಷ್ಟ ದೇಶವೊಂದನ್ನು ಮೊದಲು ಆರಿಸಿಕೊಂಡು, ಅಲ್ಲಿನ ಕಾಫಿ ತಯಾರಿಕೆಯ ರೀತಿಗೆ ತಕ್ಕಂತೆ ಸಂಸ್ಕರಣೆಯನ್ನು ನಿರ್ಧರಿಸುವುದು.
• ಮಾದರಿಗೆ ಕಳುಹಿಸಿದ ಬೀಜದ ಗುಣಮಟ್ಟವನ್ನೇ ಪೂರ್ಣ ಸರಕಿನಲ್ಲಿಯೂ ಕಾಯ್ದುಕೊಳ್ಳುವುದು.
• ಸಿಂಪಡಣೆ, ಕೊಯ್ಲು, ಒಣಗಿಸಿದ ದಿನಗಳ ವಿವರವನ್ನು ತೋಟದ ಪುಸ್ತಕದಲ್ಲಿ ದಾಖಲಿಸುವುದು.
• ಪಹಣಿ ಮತ್ತು ತೋಟದ ನಕ್ಷೆಯನ್ನು ಮುಂಚಿತವಾಗಿ ಸಿದ್ಧಪಡಿಸಿಕೊಳ್ಳುವುದು.
• ರಫ್ತು ಮಾಡಲು ಉದ್ದೇಶಿಸುವವರು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ ಆಮದು-ರಫ್ತು ಸಂಕೇತ ಸಂಖ್ಯೆ ಪಡೆದು, ಕಾಫಿ ಮಂಡಳಿಯಲ್ಲಿ ರಫ್ತುದಾರರಾಗಿ ನೋಂದಾಯಿಸಿಕೊಳ್ಳುವುದು. ಸರಕಿನೊಂದಿಗೆ ಮೂಲ ಪ್ರಮಾಣಪತ್ರ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರಗಳು ಬೇಕಾಗುತ್ತವೆ.
• ಬೇಸಾಯ ಹಾಗೂ ಸಂಸ್ಕರಣೆಯ ತಾಂತ್ರಿಕ ಸಲಹೆಗಾಗಿ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರ ಮತ್ತು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರವನ್ನು ಸಂಪರ್ಕಿಸುವುದು.

ಉಪಸಂಹಾರ

1996 ರ ನಂತರ ಕಾಫಿಯನ್ನು ಯಾರಿಗೆ ಮಾರಬೇಕೆಂಬ ನಿರ್ಧಾರ ಬೆಳೆಗಾರರ ಕೈಗೆ ಬಂದಿದೆ. ಆ ನಿರ್ಧಾರ ಫಲಪ್ರದವಾಗಬೇಕಾದರೆ, ಕೊಳ್ಳುವವರ ಬಟ್ಟಲಿನಲ್ಲಿ ತಮ್ಮ ಬೀಜದ ಪಾತ್ರವೇನೆಂದು ಬೆಳೆಗಾರರು ಅರಿಯಬೇಕು. ಹಣ್ಣನ್ನು ಚೆರಿಯಾಗಿ ಒಣಗಿಸಬೇಕೇ, ಪಲ್ಪಿಂಗ್ ಮಾಡಿ ಪಾರ್ಚ್‌ಮೆಂಟ್ ಆಗಿಸಬೇಕೇ ಎಂಬ ಪ್ರಶ್ನೆ ಕೊಯ್ಲಿನ ದಿನವೇ ತೀರ್ಮಾನವಾಗುತ್ತದೆ. ಆದ ಕಾರಣ ಗ್ರಾಹಕರ ಕುರಿತ ವಿಚಾರಣೆಯನ್ನು ಕೊಯ್ಲಿಗೆ ಮುನ್ನವೇ ಕೈಗೊಳ್ಳುವುದು ಬೆಳೆಗಾರ ಬಾಂಧವರಿಗೆ ಹಿತಕರ.