ಗಪ್ಪಿಯ ಬಾಣಂತನ 40 ನಿಮಿಷದಲ್ಲಿ ಮುಗಿಯುವುದಿಲ್ಲ

ಇಂಟರ್ನ್‌ಶಿಪ್‌ನ ಎರಡನೇ ವಾರ. 8ನೇ ತರಗತಿಗೆ ‘ಪ್ರಾಣಿಗಳಲ್ಲಿ ಸಂತಾನೋತ್ಪತ್ತಿ’ ಪಾಠ. ಮೊಟ್ಟೆ ಇಡುವವು ಅಂಡಜ, ಮರಿ ಹಾಕುವವು ಜರಾಯುಜ ಎಂದು ಕಪ್ಪುಹಲಗೆಯ ಮೇಲೆ ಎರಡು ಕಂಬಸಾಲು ಬರೆದು ಮುಗಿಸಬಹುದಿತ್ತು. ಆದರೆ ಮೀನನ್ನು ಯಾವ ಸಾಲಿಗೆ ಹಾಕುತ್ತೀರಿ ಎಂದು ಕೇಳಿದರೆ ಎಲ್ಲ ಮಕ್ಕಳೂ ‘ಮೊಟ್ಟೆ’ ಎನ್ನುತ್ತಾರೆ. ಮರಿ ಹಾಕುವ ಮೀನೊಂದನ್ನೇ ತಂದು ತೋರಿಸಿದರೆ ಹೇಗೆ ಎಂದುಕೊಂಡು, ಅಂಗಡಿಯಿಂದ ಎರಡು ಹೆಣ್ಣು ಗಪ್ಪಿಗಳನ್ನು ತಂದೆ. ಶಾಲೆಯ ಪ್ರಯೋಗಾಲಯದಲ್ಲಿ ಸುಮಾರು 50 ಲೀಟರ್ ಹಿಡಿಯುವ ಗಾಜಿನ ತೊಟ್ಟಿಯೊಂದು ಖಾಲಿ ಬಿದ್ದಿತ್ತು.

ಒಂದು ಗಪ್ಪಿ ತುಂಬು ಗರ್ಭಿಣಿ. ಹೊಟ್ಟೆಯ ಹಿಂಭಾಗದಲ್ಲಿ, ಗುದದ ಬಳಿ ಇರುವ ಮಚ್ಚೆ ಕಪ್ಪಾಗಿತ್ತು. ಹೊಟ್ಟೆ ದುಂಡಗಿರದೆ ಚೌಕಾಕಾರಕ್ಕೆ ತಿರುಗಿತ್ತು. ಹತ್ತಿರದಿಂದ ನೋಡಿದರೆ ಮಚ್ಚೆಯೊಳಗೆ ಮರಿಗಳ ಕಣ್ಣುಗಳು ಸಣ್ಣ ಚುಕ್ಕೆಗಳಂತೆ ಕಾಣುತ್ತಿದ್ದವು. ತಾಯಿ ಮರಿಗಳನ್ನು ತಿಂದುಬಿಡುತ್ತದೆ ಎಂದು ಅಂಗಡಿಯವರು ಪ್ಲಾಸ್ಟಿಕ್‌ನ ಬ್ರೀಡಿಂಗ್ ಬಾಕ್ಸ್ ಕೂಡ ಕೊಟ್ಟಿದ್ದರು. ಶುಕ್ರವಾರ ಪಾಠಕ್ಕೆ ಮೊದಲು ಅದನ್ನು ಬಲೆಯಲ್ಲಿ ಹಿಡಿದು ಬಾಕ್ಸಿಗೆ ಹಾಕಿದೆ. ಪಾಠ ಚೆನ್ನಾಗಿ ಆಯಿತು. ವೀಕ್ಷಣೆಗೆ ಬಂದಿದ್ದ ಉಪನ್ಯಾಸಕರು ‘ಕಲಿಕೋಪಕರಣದ ಬಳಕೆ ಉತ್ತಮ’ ಎಂದು ಬರೆದರು. ಶನಿವಾರ ನಮಗೆ ಕಾಲೇಜಿನಲ್ಲಿ ಸೆಮಿನಾರ್. ಭಾನುವಾರ ರಜೆ.

ಸೋಮವಾರ ಬೆಳಿಗ್ಗೆ ನೋಡಿದಾಗ ಬಾಕ್ಸಿನಲ್ಲಿ ತಾಯಿ ಸತ್ತಿತ್ತು. ಜೊತೆಗೆ ಆರು ಮರಿ, ಎರಡಕ್ಕೆ ಮಾತ್ರ ಜೀವ ಇತ್ತು. ಬೆಲ್ ಹೊಡೆಯುವ ಮೊದಲೇ ಸತ್ತವನ್ನೆಲ್ಲ ಕಾಗದದಲ್ಲಿ ಸುತ್ತಿ ಗಿಡದ ಬುಡಕ್ಕೆ ಹಾಕಿದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಓಡಿ ಬಂದು, “ಮಿಸ್, ತಾಯಿ ಎಲ್ಲಿ?” ಎಂದಳು. “ಮನೆಗೆ ತಗೊಂಡು ಹೋಗಿದ್ದೀನಿ” ಎಂದೆ. ಆ ಹುಡುಗಿಯ ಅಕ್ಕ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಾಳೆಂದು ಮಧ್ಯಾಹ್ನ ಊಟದ ಹೊತ್ತಿಗೆ ತಿಳಿಯಿತು. ನನ್ನ ಸುಳ್ಳು ಆಗ ಇನ್ನಷ್ಟು ಚುಚ್ಚಿತು.

ಇದನ್ನು ಮಾರ್ಗದರ್ಶಕ ಶಿಕ್ಷಕಿಗೆ ಹೇಳಿದೆ. ಅವರು ಬೈಯಲಿಲ್ಲ. “ನಾಳೆ ಮಕ್ಕಳಿಗೆ ನೀವೇ ಹೇಳಿ” ಎಂದರು, ಅಷ್ಟೇ. ಹೇಳಿದೆ. ತರಗತಿ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ, “ಅಷ್ಟು ದೊಡ್ಡ ತೊಟ್ಟಿ ಇರೋವಾಗ ಆ ಚಿಕ್ಕ ಬಾಕ್ಸಿಗೆ ಯಾಕೆ ಹಾಕಿದ್ರಿ ಮಿಸ್?” ಎಂದು ಕೇಳಿದ. 5ಇ ಮಾದರಿಯಲ್ಲಿ ‘ಅನ್ವೇಷಿಸು’ ಎಂಬ ಹಂತಕ್ಕೆ ನಾನು ಬರೆದಿದ್ದ ಯಾವ ಪ್ರಶ್ನೆಯೂ ಇಷ್ಟು ಚೆನ್ನಾಗಿರಲಿಲ್ಲ.

ಅವನ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾವೆಲ್ಲ ಕಲಿತೆವು. ದಿನ ತುಂಬಿದ ಗಪ್ಪಿಯನ್ನು ಹಿಡಿದು ಜಾಗ ಬದಲಿಸಿದರೆ ಅದಕ್ಕೆ ಆಘಾತವಾಗುತ್ತದೆ. ಸಣ್ಣ ಬಾಕ್ಸಿನಲ್ಲಿ ನೀರು ಸರಿಯಾಗಿ ಓಡಾಡುವುದಿಲ್ಲ. ಉಳಿದ ಆಹಾರ, ಹೊಲಸು ಅಲ್ಲೇ ಕೊಳೆತು ಅಮೋನಿಯಾ ಹೆಚ್ಚುತ್ತದೆ. ಇನ್ನೊಂದು ಹೆಣ್ಣನ್ನು ಹಿಡಿಯಲು ಹೋಗಲಿಲ್ಲ. ತೊಟ್ಟಿಯ ತುಂಬ ಹೈಡ್ರಿಲ್ಲ ಹಾಕಿದೆವು. ಮರಿಗಳಿಗೆ ಅಡಗಲು ಜಾಗವಾಯಿತು, ತಾಯಿಗೂ ನೆಮ್ಮದಿ. ನಲ್ಲಿ ನೀರನ್ನು ಬಕೆಟ್‌ನಲ್ಲಿ ಒಂದು ದಿನ ತೆರೆದಿಟ್ಟು ಕ್ಲೋರಿನ್ ಹೋದ ಮೇಲೆ, ವಾರಕ್ಕೊಮ್ಮೆ ಕಾಲು ಭಾಗ ಮಾತ್ರ ಬದಲಿಸಿದೆವು.

ಒಂಬತ್ತನೇ ದಿನ ಎರಡನೆಯ ಗಪ್ಪಿ ಮರಿ ಹಾಕಿತು. ಮಕ್ಕಳ ಎಣಿಕೆಯಲ್ಲಿ 23. ಹುಟ್ಟಿದ ಕೂಡಲೇ ಈಜುವ, ಒಂದು ಸೆಂಟಿಮೀಟರೂ ಇಲ್ಲದ ಮರಿಗಳು. ಮೀನಿನ ಆಹಾರವನ್ನು ಬೆರಳಲ್ಲಿ ನುಣ್ಣಗೆ ಪುಡಿಮಾಡಿ ದಿನಕ್ಕೆ ನಾಲ್ಕು ಸಲ ಚಿಟಿಕೆಯಷ್ಟು ಹಾಕುವ ಪಾಳಿ ಮಾಡಿಕೊಂಡರು. ಬೇಯಿಸಿದ ಮೊಟ್ಟೆಯ ಹಳದಿಯನ್ನು ಒಂದು ದಿನ ಹಾಕಿ ನೀರು ಕಲಕಿದ್ದನ್ನು ನೋಡಿದ ಮೇಲೆ ಅದನ್ನು ಅವರೇ ಬಿಟ್ಟರು. ವಾರದ ಕೊನೆಗೆ ಮರಿಗಳು 17. ಉಳಿದ ಆರನ್ನು ‘ಸತ್ತಿವೆ’ ಎಂದು ಬರೆಯಬೇಕೋ ‘ಕಾಣೆ’ ಎಂದೋ ಎನ್ನುವ ಚರ್ಚೆ ಒಂದು ಅವಧಿ ನಡೆಯಿತು. ಹೆಣ ಕಂಡಿಲ್ಲದ ಕಾರಣ ‘ಕಾಣೆ’ ಎಂದೇ ಬರೆದರು. ನೋಡಿದ್ದಕ್ಕೂ ಊಹಿಸಿದ್ದಕ್ಕೂ ಇರುವ ವ್ಯತ್ಯಾಸವನ್ನು ನಾನು ಬೇರೆ ಹೇಳಿಕೊಡಬೇಕಾಗಲಿಲ್ಲ.

ತಾಯಿಯೇ ತಿಂದಿದ್ದರೆ ಅದು ಕೆಟ್ಟ ತಾಯಿಯೇ ಎಂಬ ಪ್ರಶ್ನೆಯೂ ಬಂತು. ಗಪ್ಪಿಗೆ ಮರಿ ಸಾಕುವ ಸ್ವಭಾವವಿಲ್ಲ. ಎದುರಿಗೆ ಚಲಿಸುವ ಪುಟ್ಟದ್ದೆಲ್ಲ ಅದಕ್ಕೆ ಆಹಾರ. ಭ್ರೂಣಗಳು ತಾಯಿಯ ಹೊಟ್ಟೆಯಲ್ಲೇ ಬೆಳೆದರೂ ಮುಖ್ಯವಾಗಿ ಮೊಟ್ಟೆಯ ಹಳದಿಯಿಂದಲೇ ಪೋಷಣೆ ಪಡೆಯುತ್ತವೆ. ನಮ್ಮಂತೆ ಜರಾಯುವಿನ ಮೂಲಕ ಅಲ್ಲ. ಹಾಗಾಗಿ ಕಪ್ಪುಹಲಗೆಯ ಎರಡು ಸಾಲುಗಳ ನಡುವೆ ಮೂರನೆಯದೊಂದು ಬೇಕಾಯಿತು. ಮೀನಿನ ಬಾಣಂತನವೇ ಬೇರೆ, ಅಕ್ಕನ ಬಾಣಂತನವೇ ಬೇರೆ ಎಂದು ಆ ಹುಡುಗಿಗೆ ಬಿಡಿಸಿ ಹೇಳಲು ಇದೇ ದಾರಿಯಾಯಿತು.

ತೊಟ್ಟಿಯಲ್ಲಿ ಗಂಡು ಮೀನು ಇರಲಿಲ್ಲ. ‘ಇನ್ನು ಮರಿ ಆಗಲ್ಲ’ ಎಂದು ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದಿದ್ದರು. 28 ದಿನಗಳ ನಂತರ ಅದೇ ಹೆಣ್ಣು ಮತ್ತೆ ಮರಿ ಹಾಕಿತು! ಹೆಣ್ಣು ಗಪ್ಪಿ ವೀರ್ಯಾಣುಗಳನ್ನು ತಿಂಗಳುಗಟ್ಟಲೆ ದೇಹದಲ್ಲಿ ಕೂಡಿಟ್ಟುಕೊಳ್ಳಬಲ್ಲದು ಎಂಬುದು ನಾನು ಬಿ.ಎಸ್ಸಿ.ಯಲ್ಲಿ ಓದಿ ಮರೆತಿದ್ದ ಸಂಗತಿ. ಮಕ್ಕಳು ತಮ್ಮ ಊಹೆ ತಪ್ಪಾದದ್ದನ್ನು ಕಣ್ಣಾರೆ ಕಂಡು, ಕಾರಣ ಕೇಳಿಕೊಂಡು ಬಂದರು.

ಇಷ್ಟನ್ನೂ ಹೇಳಿದ್ದು ಒಂದು ಮಾತಿಗಾಗಿ. ಬೋಧನಾಭ್ಯಾಸದಲ್ಲಿ ಜೀವಂತ ಪ್ರಾಣಿಯನ್ನು ನಾವು ಚಾರ್ಟ್, ಮಾದರಿಗಳ ಸಾಲಿನಲ್ಲಿ ‘ಕಲಿಕೋಪಕರಣ’ ಎಂದು ಬರೆಯುತ್ತೇವೆ. ಚಾರ್ಟ್ ಪಾಠ ಮುಗಿದ ಮೇಲೆ ಸುತ್ತಿಡಬಹುದು. ಮೀನನ್ನು ಸುತ್ತಿಡಲಾಗದು. ನನಗೆ ಅಂಕ ಬಂದದ್ದು ಶುಕ್ರವಾರದ 40 ನಿಮಿಷಕ್ಕೆ. ಮಕ್ಕಳು ಕಲಿತದ್ದು ಅದರ ನಂತರದ ಆರು ವಾರಗಳಲ್ಲಿ. ಆ ಆರು ವಾರಗಳಿಗೆ ನನ್ನ ಪಾಠ ಯೋಜನೆಯಲ್ಲಿ ಒಂದು ಸಾಲೂ ಇರಲಿಲ್ಲ. ಇದ್ದಿದ್ದರೆ ‘ಶನಿವಾರ, ಭಾನುವಾರ ಯಾರು ನೋಡುತ್ತಾರೆ?’ ಎಂಬ ಪ್ರಶ್ನೆ ಶುಕ್ರವಾರವೇ ಎದುರಾಗುತ್ತಿತ್ತು.

ಆದ್ದರಿಂದ ನನ್ನ ಸಲಹೆ ಇದು. ಜೀವಿಯನ್ನು ತರಗತಿಗೆ ತರುವ ಪ್ರಶಿಕ್ಷಣಾರ್ಥಿ ಪಾಠ ಯೋಜನೆಗೆ ಒಂದು ಪುಟ ಸೇರಿಸಲಿ: ಆಹಾರ ಹಾಕುವವರು ಯಾರು, ರಜೆಯಲ್ಲಿ ಏನು ವ್ಯವಸ್ಥೆ, ಸತ್ತರೆ ಮಕ್ಕಳಿಗೆ ಏನು ಹೇಳುತ್ತೇವೆ, ಮರಿಗಳಾದರೆ ಎಲ್ಲಿಗೆ ಹೋಗುತ್ತವೆ. ಕೊನೆಯ ಪ್ರಶ್ನೆ ಚಿಕ್ಕದಲ್ಲ. “ಕೆರೆಗೆ ಬಿಡೋಣ ಮಿಸ್” ಎಂದು ನಮ್ಮ ಮಕ್ಕಳೂ ಹೇಳಿದರು. ಗಪ್ಪಿಯ ಮೂಲ ದಕ್ಷಿಣ ಅಮೆರಿಕದ ಉತ್ತರ ಭಾಗ ಮತ್ತು ಟ್ರಿನಿಡಾಡ್. ಸೊಳ್ಳೆ ಮರಿಗಳನ್ನು ತಿನ್ನುತ್ತದೆಂದು ಕೋಲಾರ ಜಿಲ್ಲೆಯ ಹಳ್ಳಿಗಳ ಬಾವಿಗಳಲ್ಲಿ ಬಿಟ್ಟದ್ದುಂಟು. ಆದರೆ ಕೆರೆ, ಹಳ್ಳಕ್ಕೆ ಬಿಟ್ಟರೆ ಬೇಗ ಹೆಚ್ಚಿ ನಮ್ಮ ನೆಲದ ಸಣ್ಣ ಮೀನುಗಳ ಜಾಗ ಹಿಡಿಯುತ್ತದೆ. ಕೊನೆಗೆ ಒಂದಷ್ಟನ್ನು ಶಾಲೆಯ ಹಿಂದಿನ ಸಿಮೆಂಟ್ ತೊಟ್ಟಿಗೆ ಬಿಟ್ಟೆವು. ಅಲ್ಲಿಂದ ನೀರು ಎಲ್ಲಿಗೂ ಹರಿಯುವುದಿಲ್ಲ.

‘ಸಿಲಬಸ್ ಮುಗಿಸುವುದೇ ಕಷ್ಟ, ವಿಡಿಯೊ ತೋರಿಸಿದರೆ ಸಾಲದೇ?’ ಎಂದು ಸಹಪಾಠಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆರು ವಾರ ನೋಡಿಕೊಳ್ಳಲು ಆಗದಿದ್ದರೆ ಖಂಡಿತ ವಿಡಿಯೊವೇ ಸಾಕು, ಮೀನು ತರುವುದು ಬೇಡ. ಆದರೆ ಸಮಯದ ಲೆಕ್ಕ ನಾವು ಹೆದರುವಷ್ಟು ದೊಡ್ಡದಲ್ಲ. ನಮಗೆ ಬೇಕಾದದ್ದು ದಿನಕ್ಕೆ ಹತ್ತು ನಿಮಿಷ, ಅದೂ ಹೆಚ್ಚಾಗಿ ಪ್ರಾರ್ಥನೆಗೆ ಮುಂಚೆ ಮತ್ತು ಊಟದ ಬಿಡುವಿನಲ್ಲಿ.

ನಮ್ಮ ಪಾಠ ನೋಡಲು ಬರುವ ಉಪನ್ಯಾಸಕರಲ್ಲಿಯೂ ಒಂದು ವಿನಂತಿ. ತರಗತಿಯಲ್ಲಿ ಜೀವಿಯನ್ನು ಕಂಡರೆ ‘ಉತ್ತಮ’ ಎಂದು ಬರೆದು ಹೊರಡಬೇಡಿ. ಎರಡು ವಾರ ಬಿಟ್ಟು ಇನ್ನೊಮ್ಮೆ ಬಂದು, ಅದು ಹೇಗಿದೆ ಎಂದು ಮಕ್ಕಳನ್ನು ಕೇಳಿ. ಅಂಕವನ್ನು ಆಗ ಕೊಡಿ.